ನಿಂಬೆಹಣ್ಣು ಕಚ್ಚಿ ನಿಂತ ಲಿಫ್ಟ್‌ಗೆ ಮೂರನೇ ಮಹಡಿಯ ಮನವಿ

ಇವರಿಂದ: ಪಲ್ಲವಿ, ಗಣಿತ ಶಿಕ್ಷಕಿ, ಮನೆ ನಂಬರ್ 304, ಮೂರನೇ ಮಹಡಿ, ಪಂಪಾಶ್ರೀ ನಿವಾಸ, ಹೊಸಪೇಟೆ.

ಇವರಿಗೆ: ಶ್ರೀ ಲಿಫ್ಟ್‌ರವರು, ಅದೇ ಕಟ್ಟಡ. ಸದ್ಯದ ಮುಕ್ಕಾಂ: ನೆಲದಿಂದ ಒಂದೂವರೆ ಅಡಿ ಮೇಲೆ.

ವಿಷಯ: ಬಚ್ಚಲುಮನೆ ರಿಪೇರಿ ಮುಗಿದ ಮರುದಿನವೇ ತಾವು ಕೆಲಸ ನಿಲ್ಲಿಸಿರುವ ಬಗ್ಗೆ.

ಮಾನ್ಯರೇ,

ಹಣೆಗೆ ಕುಂಕುಮ, ಎದೆಗೆ ಚೆಂಡುಹೂವಿನ ಹಾರ ಧರಿಸಿ, ಆಯುಧ ಪೂಜೆಯ ಬೆಳಿಗ್ಗೆಯಿಂದ ಇವತ್ತಿನವರೆಗೆ ನೆಲವನ್ನೂ ಮುಟ್ಟದೆ, ಮೊದಲ ಮಹಡಿಯನ್ನೂ ಸೇರದೆ ನಡುವೆಯೇ ತಪಸ್ಸಿಗೆ ನಿಂತಿರುವ ತಮ್ಮ ದಿವ್ಯ ಸನ್ನಿಧಿಗೆ 304ನೇ ಮನೆಯವಳ ಸಾಷ್ಟಾಂಗ ನಮಸ್ಕಾರಗಳು. ಸಾಷ್ಟಾಂಗ ಎಂದಿದ್ದು ಬರೀ ಬರವಣಿಗೆಯ ಶೋಭೆಗಲ್ಲ. ದಿನವೂ ಸಂಜೆ ಕಂಪ್ಲಿಯ ಶಾಲೆಯಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದು, ಆಮೇಲೆ ನಲವತ್ತೆಂಟು ಮೆಟ್ಟಿಲು ಹತ್ತಿ ನಮ್ಮ ಬಾಗಿಲು ಮುಟ್ಟುವಾಗ ನಾನು ಹೆಚ್ಚುಕಡಿಮೆ ಅದೇ ಭಂಗಿಯಲ್ಲಿರುತ್ತೇನೆ. ಈ ಪತ್ರವನ್ನು ತಮ್ಮ ಬಾಗಿಲಿಗೇ ಅಂಟಿಸಲಿದ್ದೇನೆ. ತಮಗೆ ಓದಲು ಬಿಡುವಿಲ್ಲದಿದ್ದರೆ ಮೆಟ್ಟಿಲು ಹತ್ತುವ ಮೊದಲು ಇಲ್ಲಿ ನಿಂತು ನಿಟ್ಟುಸಿರು ಬಿಡುವ ಉಳಿದ ಹನ್ನೊಂದು ಮನೆಯವರು ಓದಿಕೊಳ್ಳುತ್ತಾರೆ.

ದೂರು ಹೇಳುವ ಮೊದಲು ನನ್ನ ಮನೆಯ ವಿಚಾರ ಹೇಳಬೇಕು. ನನ್ನದು ಒಂದು ಕೋಣೆ, ಒಂದು ಹಾಲ್, ಇಬ್ಬರು ಒಟ್ಟಿಗೆ ತಿರುಗಲಾಗದ ಅಡುಗೆಮನೆ, ಮತ್ತು ನಮ್ಮ ದೇಶೀ ಪದ್ಧತಿಯ ಕಕ್ಕಸು ಇರುವ ಬಚ್ಚಲು. ನಮ್ಮವ್ವ ದುರ್ಗಕ್ಕ ಬಂಡ್ರಿಯವಳು. ಸಂಡೂರಿನ ಗುಡ್ಡಗಳಲ್ಲಿ ಹದಿನಾರು ವರ್ಷ ಕುಕ್ಕರಗಾಲಲ್ಲಿ ಕೂತು ಸುತ್ತಿಗೆಯಿಂದ ಅದಿರು ಒಡೆದು, ಆರಿಸಿ, ಬುಟ್ಟಿ ಹೊತ್ತು ನನ್ನನ್ನು ಬಿ.ಎಡ್. ತನಕ ಓದಿಸಿದವಳು. ಮೊಣಕಾಲುಗಳನ್ನು ಮಾತ್ರ ಆ ಗುಡ್ಡದಲ್ಲೇ ಬಿಟ್ಟು ಬಂದಳು. ಹೋದ ವರ್ಷ ಒಂದು ವಾರ ಇರುತ್ತೇನೆಂದು ನನ್ನ ಮನೆಗೆ ಬಂದು ಮರುದಿನ ಮಧ್ಯಾಹ್ನವೇ ಹೊರಟುಬಿಟ್ಟಳು. ಅವಳು ಹೋದ ಮೇಲೆ ನೋಡಿದರೆ, ಅವಳ ಹಾಸಿಗೆ ಪಕ್ಕದಲ್ಲಿಟ್ಟಿದ್ದ ಚೊಂಬಿನ ನೀರು ಇಟ್ಟಂತೆಯೇ ಇತ್ತು. ಫೋನಿನಲ್ಲಿ ಬಿಡದೆ ಕೇಳಿದಾಗ ಹೇಳಿದಳು: "ನೀರು ಕುಡುದ್ರ ಒಳಗ ಹೋಗಬೇಕಾಗತೈತವ್ವ. ನಿನ್ನ ಮನ್ಯಾಗ ನಂಗ ಕುಂದ್ರಾಕ ಆಗಲ್ಲ."

ಒಂದೂವರೆ ದಿನ ನನ್ನ ಮನೆಯಲ್ಲಿ ನನ್ನವ್ವ ಬಾಯಾರಿ ಕೂತಿದ್ದಳು, ನಾನು ಅವಳ ಮುಂದೆ ಕೂತು ಟಿ.ವಿ. ನೋಡುತ್ತಿದ್ದೆ. ಮಾನ್ಯರೇ, ಆವತ್ತು ನನಗೆ ಆದ ನಾಚಿಕೆಯನ್ನು ಹೊರಲು ತಮ್ಮ ಆರು ಜನ, ನಾನೂರ ಎಂಟು ಕಿಲೋ ಮಿತಿ ಸಾಲುತ್ತಿರಲಿಲ್ಲ. ಬಚ್ಚಲು ಒಡೆಸಿ ಹೊಸದು ಮಾಡಿಸಬೇಕೆಂದು ಅಂದೇ ತೀರ್ಮಾನಿಸಿದೆ. ಸಂಬಳದಲ್ಲಿ ಮನೆಸಾಲದ ಕಂತು ಹೋಗಿ ಉಳಿಯುವುದರಲ್ಲಿ ಬಚ್ಚಲು ಮಾಡಿಸುವುದಿರಲಿ, ಹಳೆಯದನ್ನು ಒಡೆಸುವುದೂ ಕಷ್ಟವಿತ್ತು ಎಂಬುದು ಬೇರೆ ಮಾತು.

ಮೆಟ್ರಿ ಊರಿನಿಂದ ಗೌಂಡಿ ಹುಲುಗೇಶ್ ಬಂದ. ಸಿಮೆಂಟಿನಲ್ಲಿ ಮಿತವ್ಯಯಿ, ಮಾತಿನಲ್ಲಿ ಧಾರಾಳಿ. ಕೂರುವ ಕಮೋಡ್ ಹಾಕಬೇಕು, ಒಳಗಿನ ಕಟ್ಟೆ ತೆಗೆದು ನೆಲವನ್ನು ಹಾಲ್‌ನ ನೆಲದ ಮಟ್ಟಕ್ಕೆ ತರಬೇಕು, ಹಿಡಿದು ಏಳಲು ಗೋಡೆಗೆ ಪೈಪು ಕೂರಿಸಬೇಕು, ಎಲ್ಲಕ್ಕೂ ಕಡಿಮೆ ದುಡ್ಡು ಎಂದೆ. ಅವನು ಗೋಡೆಯನ್ನು ಎರಡು ಸಲ ಬಡಿದು ನೋಡಿ, ಎಲ್ಲವೂ ಆಗುತ್ತದೆ, ಕಡೆಯದೊಂದೇ ಅನುಮಾನ ಎಂದ. ಹೀಗಾಗಿ ಟೈಲ್ಸಿಗೆ ಅಂಗಡಿ ಬಿಟ್ಟು ಗೋಡೌನಿಗೆ ಹೋದೆ. ಹಂಪಿ ಕಡೆಯ ಯಾವುದೋ ರೆಸಾರ್ಟಿನ ಈಜುಕೊಳಕ್ಕೆ ತಂದು ಮಿಕ್ಕಿದ್ದ ನೀಲಿ ಟೈಲ್ಸು ಅರ್ಧ ರೇಟಿಗೆ ಸಿಕ್ಕಿತು. ಮನೆಗೆ ತಂದು ಬಿಚ್ಚಿದರೆ ಅದರಲ್ಲಿ ನಾಲ್ಕು ತುಂಡಿನ ಮೇಲೆ ನೀರಿನ ಆಳ ಬರೆದಿತ್ತು. ವಸ್ತು ಹಾಳು ಮಾಡಬಾರದೆಂಬ ಹುಲುಗೇಶನ ಸಿದ್ಧಾಂತದ ಫಲವಾಗಿ ಈಗ ನಮ್ಮ ಬಚ್ಚಲ ಬಾಗಿಲಲ್ಲಿ 'ಆಳ 3 ಅಡಿ' ಎಂದೂ, ಕಮೋಡಿನ ಪಕ್ಕ 'ಆಳ 5 ಅಡಿ' ಎಂದೂ ಇದೆ. ಓದು ಬಲ್ಲ ನೆಂಟರು ಸೀರೆ ಎತ್ತಿಕೊಂಡೇ ಒಳಗೆ ಕಾಲಿಡುತ್ತಾರೆ. ಇನ್ನು ಬಣ್ಣ: ಅದಿರು ಲಾರಿಗಳ ಕೆಂಪು ಧೂಳು ಹೇಗೂ ಕಿಟಕಿಯಿಂದ ಬಂದು ಕೂರುತ್ತದೆಂದು, ಅದೇ ಧೂಳನ್ನು ಬೆರಳಿನಿಂದ ಒರೆಸಿಕೊಂಡು ಹೋಗಿ, ಇದೇ ಬಣ್ಣ ಕೊಡಿ ಎಂದು ಅಂಗಡಿಯವನಿಗೆ ತೋರಿಸಿದೆ. ಗೋಡೆ ಕೊಳೆಯಾದರೂ ಯಾರಿಗೂ ಗೊತ್ತಾಗುವುದಿಲ್ಲ.

ಈಗ ತಮ್ಮ ಮುಂದೆ ನಾನು ಒಪ್ಪಿಕೊಳ್ಳಬೇಕಾದ ಒಂದು ತಪ್ಪಿದೆ. ತಮ್ಮ ಬಾಗಿಲ ಪಕ್ಕ ನಮ್ಮ ನಿವಾಸಿಗಳ ಸಂಘದ ಬೋರ್ಡು ಇದೆ: ಲಿಫ್ಟಿನಲ್ಲಿ ಮರಳು, ಸಿಮೆಂಟು, ಟೈಲ್ಸು ಸಾಗಿಸಕೂಡದು. ಮೂರು ಮಹಡಿ ಹೊರುವ ಹಮಾಲರು ಕೇಳಿದ ಕೂಲಿಯಲ್ಲಿ ಇನ್ನೊಂದು ಬಚ್ಚಲು ಕಟ್ಟಿಸಬಹುದಿತ್ತು. ಆದ್ದರಿಂದ ಇಪ್ಪತ್ತಾರು ದಿನ, ದಿನಕ್ಕೆ ನಾಲ್ಕು ಸಲ, ಶಾಲೆಯ ಬ್ಯಾಗಿನಲ್ಲಿ ಎಂಟೆಂಟು ಕಿಲೋ ಮರಳು ತುಂಬಿಕೊಂಡು, ಉತ್ತರಪತ್ರಿಕೆ ತಿದ್ದಲು ಒಯ್ಯುವವಳ ಮುಖ ಮಾಡಿಕೊಂಡು ತಮ್ಮೊಳಗೆ ನಿಂತಿದ್ದೇನೆ. ಕಮೋಡನ್ನು ಹಳೇ ದುಪ್ಪಟಿಯಲ್ಲಿ ಸುತ್ತಿ ಹುಲುಗೇಶ್ ಎದೆಗವಚಿಕೊಂಡು ಒಳಗೆ ಬಂದಾಗ, ಜೊತೆಗಿದ್ದ ಎರಡನೇ ಮಹಡಿಯ ಮರುಳಸಿದ್ದಮ್ಮನವರು ಮಗುವಿಗೆ ಮೈ ಹುಷಾರಿಲ್ಲವೇ ಎಂದು ವಿಚಾರಿಸಿದರು. ರಾತ್ರಿಯಿಂದ ಜ್ವರ ಎಂದ ಅವನು. ಆಗಲೂ ತಾವು ಚಕಾರವೆತ್ತದೆ ನಮ್ಮನ್ನು ಮೇಲಕ್ಕೆ ಮುಟ್ಟಿಸಿದಿರಿ. ಇಷ್ಟು ದೊಡ್ಡ ಮನಸ್ಸು ನನ್ನ ಬ್ಯಾಂಕಿನವರಿಗೂ ಇಲ್ಲ.

ಅಂಥ ತಾವು ಕೆಟ್ಟದ್ದು ಮರಳಿನಿಂದಲ್ಲ, ಭಕ್ತಿಯಿಂದ. ಪ್ರತಿ ವರ್ಷ ತಮ್ಮ ಪೂಜೆ ಒಂದು ಬೊಟ್ಟು ಕುಂಕುಮ, ಎರಡು ಊದಿನಕಡ್ಡಿಯಲ್ಲಿ ಮುಗಿಯುತ್ತಿತ್ತು. ಈ ವರ್ಷ ನಮ್ಮ ಸಂಘದ ಕಾರ್ಯದರ್ಶಿಗಳೂ ರೈಸ್ ಮಿಲ್ಲಿನ ಮಾಲೀಕರೂ ಆದ ವಿರೂಪಾಕ್ಷಪ್ಪನವರು ಹೊಸ ಕಾರು ತಂದಿದ್ದರು. ಕಾರಿನ ನಾಲ್ಕು ಗಾಲಿಗೆ ನಾಲ್ಕು ನಿಂಬೆಹಣ್ಣು ಇಟ್ಟು ಹತ್ತಿಸಿದ ಮೇಲೆ ಬುಟ್ಟಿಯಲ್ಲಿ ಎರಡು ಉಳಿದವು. ಉಳಿದದ್ದನ್ನು ವ್ಯರ್ಥ ಮಾಡದ ಗುಣ ಈ ಕಟ್ಟಡದಲ್ಲಿ ನನ್ನೊಬ್ಬಳದೇ ಅಲ್ಲ. ಲಿಫ್ಟೂ ವಾಹನವೇ ಎಂದು ಅವರು ಘೋಷಿಸಿದರು. ವಾಹನವಾದರೆ ಗಾಲಿ ಎಲ್ಲಿ ಎಂಬ ಪ್ರಶ್ನೆ ಎದ್ದಿತು. ಗಾಲಿ ತಾರಸಿಯ ಮೇಲಿನ ಮಿಷನ್ ರೂಮಿನಲ್ಲಿದೆ ಎಂದು ವಾಚ್‌ಮನ್ ಕಾಳಪ್ಪ ಹೇಳಿದ, ಆದರೆ ಆ ಬಿಸಿಲಿಗೆ ತಾರಸಿಗೆ ಹೋಗಲು ಯಾರೂ ತಯಾರಿರಲಿಲ್ಲ. ಹತ್ತು ನಿಮಿಷದ ಚರ್ಚೆಯ ನಂತರ, ಕಣ್ಣಿಗೆ ಕಾಣುವಂತೆ ಓಡಾಡುವುದು ಬಾಗಿಲೇ ಆದ್ದರಿಂದ ಬಾಗಿಲು ಜಾರುವ ಹಳ್ಳದಲ್ಲೇ ನಿಂಬೆಹಣ್ಣು ಇಡುವುದೆಂದು ಸರ್ವಾನುಮತದಿಂದ ತೀರ್ಮಾನವಾಯಿತು. ಹೊಸ್ತಿಲ ಮೇಲೆ ತೆಂಗಿನಕಾಯಿಯನ್ನೂ ಒಡೆದರು, ಅದರ ನೀರು ತಮ್ಮ ಕೆಳಗಿನ ಗುಂಡಿಗೆ ಇಳಿಯಿತು.

ನಾನು ಗಣಿತದವಳು, ತಡೆಯಬೇಕಿತ್ತು. ಆದರೆ ಇಪ್ಪತ್ತಾರು ದಿನ ಕದ್ದು ಮರಳು ಸಾಗಿಸಿದವಳಿಗೆ ಲಿಫ್ಟಿನ ಯೋಗಕ್ಷೇಮದ ಬಗ್ಗೆ ಬಾಯಿ ತೆರೆಯುವ ಧೈರ್ಯ ಎಲ್ಲಿಂದ ಬರಬೇಕು? ವಿರೂಪಾಕ್ಷಪ್ಪನವರು ಮಂಗಳಾರತಿ ತಟ್ಟೆ ಹಿಡಿದು ಒಳಗೆ ನಿಂತು ಗುಂಡಿ ಒತ್ತಿದರು. ತಮ್ಮ ಬಾಗಿಲು ನಿಂಬೆಹಣ್ಣನ್ನು ಒಮ್ಮೆ ಕಚ್ಚಿತು, ಹಿಂದೆ ಸರಿಯಿತು, ಮತ್ತೆ ಕಚ್ಚಿ ಹೇಗೋ ಮುಚ್ಚಿತು. ತಾವು ಒಂದೂವರೆ ಅಡಿ ಏರಿ, ಒಮ್ಮೆ ನಡುಗಿ, ನಿಂತಿರಿ. ಕೈಯಿಂದ ಎಳೆದು ಅರ್ಧ ತೆರೆದ ಬಾಗಿಲಿನಿಂದ ಕಾರ್ಯದರ್ಶಿಗಳು ಕಾಳಪ್ಪನ ಹೆಗಲ ಮೇಲೆ ಇಳಿದು ಬಂದರು. ತಟ್ಟೆಯಲ್ಲಿ ಕರ್ಪೂರ ಇನ್ನೂ ಉರಿಯುತ್ತಿತ್ತು, ಹಾಗಾಗಿ ನಾವೆಲ್ಲ ಆರತಿ ತೆಗೆದುಕೊಂಡೆವು. ಮರುದಿನ ಸಂಘದ ನೋಟಿಸು ಬಂತು: 304ರವರ ಬಚ್ಚಲು ಕೆಲಸದ ಧೂಳಿನಿಂದ ಲಿಫ್ಟ್ ಕೆಟ್ಟಿದೆ.

ಅವ್ವ ಬರುವ ದಿನ ಮೊದಲೇ ಗೊತ್ತಾಗಿತ್ತು. ಬಚ್ಚಲು ಆಗಿದೆ ಬಾ ಎಂದು ನಾನೇ ಹತ್ತು ಸಲ ಫೋನು ಮಾಡಿದ್ದೆ. ಈಗ ಬೇಡ ಎಂದರೆ ಅವಳು ಮತ್ತೆಂದೂ ಹೊರಡುವವಳಲ್ಲ, ಅದು ನನಗೆ ಚೆನ್ನಾಗಿ ಗೊತ್ತು. ಎದೆ ಗಟ್ಟಿ ಮಾಡಿಕೊಂಡು, ಲಿಫ್ಟ್ ಕೆಟ್ಟ ಸುದ್ದಿಯನ್ನು ಬಚ್ಚಿಟ್ಟೆ. ಸಂಡೂರು ಬಸ್ಸಿಳಿದು ಆಟೋದಲ್ಲಿ ಬಂದವಳು ಮೊದಲು ತಮ್ಮ ಮುಂದೆ ನಿಂತು ಮೇಲಿಂದ ಕೆಳಗೆ ನೋಡಿದಳು. "ಇದ್ಯಾಕವ್ವ, ಮದುವಿ ಹೆಣ್ಣಿನಂಗ ಹಾರ ಹಾಕ್ಕಂಡು ನಿಂತೈತಿ?" ಎಂದು ಕೇಳಿದಳು. ಕೆಟ್ಟಿದೆ ಎಂದೆ. ಮೆಟ್ಟಿಲ ಕಡೆ ನೋಡಿದಳು. ಕುರ್ಚಿಯಲ್ಲಿ ಕೂರಿಸಿ ಹೊತ್ತೊಯ್ಯುತ್ತೇವೆ ಎಂದು ಕಾಳಪ್ಪ, ಬಾಕಿ ದುಡ್ಡಿಗೆಂದು ಬಂದಿದ್ದ ಹುಲುಗೇಶ್ ಇಬ್ಬರೂ ಮುಂದೆ ಬಂದರೆ ಅವರನ್ನು ಗದರಿಸಿದಳು. ಆಮೇಲೆ ಮೊದಲ ಮೆಟ್ಟಿಲಿಗೆ ಬೆನ್ನು ಮಾಡಿ ಕೂತು, ಎರಡೂ ಅಂಗೈ ಊರಿ, ಮೈ ಎತ್ತಿ ಎರಡನೆಯದರ ಮೇಲೆ ಕೂತಳು.

"ಗುಡ್ಡ ಹತ್ತಿದಾಕಿ ನಾನು. ಆಗ ಮುಂದಕ ಹತ್ತತಿದ್ದೆ, ಈಗ ಹಿಂದಕ ಹತ್ತತೀನಿ, ಅಷ್ಟ."

ಒಂದು ಗಂಟೆ ಹತ್ತು ನಿಮಿಷ, ಮಾನ್ಯರೇ. ನಾನು ಕೆಳಗಿನ ಮೆಟ್ಟಿಲಲ್ಲಿ ಅವಳ ಚೀಲ ಹಿಡಿದು, ಅವಳ ಮುಖ ನೋಡಲಾರದೆ ನಿಂತಿದ್ದೆ. ಅವಳಿಗೆ ಮಾತ್ರ ಅವಸರವಿರಲಿಲ್ಲ. ಮಹಡಿಗೊಮ್ಮೆ ದಣಿವಾರಿಸಿಕೊಳ್ಳುತ್ತ, ತೆರೆದ ಬಾಗಿಲಲ್ಲಿ ಕಂಡವರನ್ನೆಲ್ಲ ಮಾತಾಡಿಸುತ್ತ, ಯಾರ ಮನೆಯಲ್ಲಿ ಎಷ್ಟು ಜನ, ಏನು ಅಡುಗೆ ಎಂದು ವಿಚಾರಿಸುತ್ತ ಏರಿದಳು. ನಾನು ಎರಡು ವರ್ಷದಲ್ಲಿ ಮಾಡದ ಪರಿಚಯವನ್ನು ಅವಳು ನಲವತ್ತೆಂಟು ಮೆಟ್ಟಿಲಲ್ಲಿ ಮಾಡಿಕೊಂಡಳು. ಮೊದಲ ಮಹಡಿಯಲ್ಲಿ ವಿರೂಪಾಕ್ಷಪ್ಪನವರು ಬಾಗಿಲಿಗೆ ಬಂದು, ನೋಡಿ, ತಲೆ ತಗ್ಗಿಸಿ ಒಳಗೆ ಹೋದರು. ಎರಡನೆಯದರಲ್ಲಿ ಮರುಳಸಿದ್ದಮ್ಮನವರು ತಂಬಿಗೆ ನೀರು ತಂದರು. ಅವ್ವ ಕೈಯಲ್ಲಿ ಹಿಡಿದು ನೋಡಿ ವಾಪಸು ಕೊಟ್ಟಳು. ಮ್ಯಾಲೆ ಹೋಗಿ ಕುಡಿತೀನ್ರಿ ಎಂದಳು.

ಮೇಲೆ ಬಂದವಳು ಯಾರ ಮಾತಿಗೂ ಕಾಯದೆ ನೇರವಾಗಿ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಹೊರಗೆ ನಿಂತು, ಪೈಪು ಗಟ್ಟಿಯಾಗಿ ಕೂತಿದೆಯೋ, ನೆಲ ಜಾರುತ್ತದೋ ಎಂದು ನಮ್ಮ ಶಾಲೆಯ ಮಕ್ಕಳು ಪರೀಕ್ಷೆ ಫಲಿತಾಂಶಕ್ಕೆ ಕಾಯುವಂತೆ ಕಾದೆ. ನೀರು ಬಿಟ್ಟ ಸದ್ದಾಯಿತು. ಹೊರಗೆ ಬಂದು ಕುರ್ಚಿಯಲ್ಲಿ ಕೂತು ನೀರು ಕೇಳಿದಳು. ದೊಡ್ಡ ಲೋಟದ ತುಂಬ ಕೊಟ್ಟೆ. ಒಂದೇ ಉಸಿರಿಗೆ ಕುಡಿದು ಇನ್ನೊಂದು ಲೋಟ ಕೇಳಿದಳು. ನಾನು ಅಡುಗೆಮನೆಗೆ ಹೋಗಿ ಚೆನ್ನಾಗಿ ಅತ್ತು ಬಂದೆ.

ಆದ್ದರಿಂದ ತಮ್ಮಲ್ಲಿ ವಿನಂತಿಸುವುದೇನೆಂದರೆ, ಈ ಮೂಳೆ ಸವೆದ ಹೆಂಗಸಿಗಾಗಿಯಾದರೂ ತಾವು ತಪಸ್ಸು ಬಿಟ್ಟು ಏಳಬೇಕು. ಮೂರನೇ ಮಹಡಿಗೆ ಬರುವುದು ತಮ್ಮ ಘನತೆಗೆ ಕಡಿಮೆ ಎನಿಸಿದರೆ ಮೂರನೇ ಮಹಡಿಯನ್ನೇ ತಾವಿರುವಲ್ಲಿಗೆ ಇಳಿಸಿಕೊಳ್ಳುವ ಏರ್ಪಾಡಾದರೂ ಮಾಡಬೇಕು. ಎರಡೂ ಆಗದಿದ್ದರೆ ತಮಗೆ ಬಡ್ತಿ ಕೊಟ್ಟು ದೇವರ ಕೋಣೆಯನ್ನಾಗಿ ಮಾಡಿ, ತಮ್ಮ ಜಾಗಕ್ಕೆ ಒಂದು ಹಗ್ಗ, ಒಂದು ರಾಟೆ, ಒಂದು ಗಟ್ಟಿ ಬುಟ್ಟಿ ನೇಮಿಸುವಂತೆ ಸಂಘಕ್ಕೆ ಶಿಫಾರಸು ಮಾಡಬೇಕು. ಮುಂದಿನ ವರ್ಷ ತಮಗೆ ಯಾರಾದರೂ ಏನಾದರೂ ತಿನ್ನಿಸಲು ಬಂದರೆ ಹಲ್ಲುನೋವೆಂದು ಹೇಳಿ ತಪ್ಪಿಸಿಕೊಳ್ಳಬೇಕಾಗಿಯೂ ಕೋರುತ್ತೇನೆ. ಬಿಡಿಭಾಗ ಬರಬೇಕು ಎಂದು ಕಂಪನಿಯವರು ಹನ್ನೊಂದು ದಿನದಿಂದ ಹೇಳುತ್ತಿದ್ದಾರೆ. ಅಷ್ಟು ದಿನದಲ್ಲಿ ಹುಲುಗೇಶ್ ಅರ್ಧ ಬಚ್ಚಲು ಕಟ್ಟಿದ್ದ, ಅದೂ ದಿನಕ್ಕೆ ಐದು ಸಲ ಚಹಾ ಕುಡಿದು.

ಮರಳು ಹೊತ್ತ ಋಣದಿಂದ ಇನ್ನೂ ಮುಕ್ತಳಾಗದ,
ತಮ್ಮ ವಿಶ್ವಾಸಿ,
ಪಲ್ಲವಿ

ತಾ.ಕ.: ಅಂಟು ಹಚ್ಚುವ ಮೊದಲು ಈ ಪತ್ರವನ್ನು ಅವ್ವನಿಗೆ ಓದಿ ಹೇಳಿದೆ. ಮರುಳಸಿದ್ದಮ್ಮನವರೂ ಇದ್ದರು, ಈಗ ದಿನವೂ ಮಧ್ಯಾಹ್ನ ಅವರು ಮೇಲೆಯೇ ಇರುತ್ತಾರೆ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಮುಗಿದ ಮೇಲೆ ಅವ್ವ ಕಣ್ಣೊರೆಸಿಕೊಂಡು, "ಅದು ರಿಪೇರಿ ಆದ ದಿನ ಹೇಳವ್ವ, ಇಳದು ಬಸ್ ಹತ್ತತೀನಿ. ಇಳಿಯಾಕ ಆಗಲ್ಲಂತ ಇಷ್ಟು ದಿನ ಕುಂತೀನಿ, ಇಲ್ಲಾಂದ್ರ ಯಾವಾಗೋ ಹೊಂಡತಿದ್ದೆ" ಎಂದಳು. ಆದಕಾರಣ ಮೇಲಿನ ದೂರನ್ನು ನಾನು ಸಂಪೂರ್ಣವಾಗಿ ಹಿಂದಕ್ಕೆ ಪಡೆದಿದ್ದೇನೆ. ತಾವು ಕೆಟ್ಟದ್ದು ನನ್ನ ಮರಳಿನಿಂದಲೇ ಎಂದು ಬೇಕಿದ್ದರೆ ಸಂಘಕ್ಕೆ ಬರೆದುಕೊಡುತ್ತೇನೆ. ಸೋಮವಾರ ಕಂಪನಿಯ ಮೆಕ್ಯಾನಿಕ್ ಬರುತ್ತಾರಂತೆ. ಎಲ್ಲೆಲ್ಲಿ ನೋವಿದೆ ಎಂದು ಅವರು ಕೇಳಿದರೆ, ದಯವಿಟ್ಟು ಎಲ್ಲವನ್ನೂ ಒಂದೇ ದಿನ ಹೇಳಿಬಿಡಬೇಡಿ.