ಹಿರಿಯ ಕಾರು, ಕಿರಿಯ ಕಾರು

ಕಾರಿನ ಹಳೆಯ ತಲೆಮಾರು ವೇಗವೋ, ಹೊಸ ತಲೆಮಾರು ವೇಗವೋ ಎಂಬ ಪ್ರಶ್ನೆಯನ್ನು ಸಿದ್ಧಕಟ್ಟೆಯ ಆಟೋಕ್ರಾಸ್ ಸಮಿತಿಯು ಕಂಬಳದ ನಿಯಮಾವಳಿಯಂತೆ ಶಾಶ್ವತವಾಗಿ ಇತ್ಯರ್ಥಪಡಿಸಿದೆ. ಸಮಿತಿಗೆ ಬೇರೆ ನಿಯಮಾವಳಿ ಗೊತ್ತಿರಲಿಲ್ಲ.

ಶೇಖರನ ಕಾರಿಗೆ ಇಪ್ಪತ್ತೇಳು ವರ್ಷ. ಅವನ ಹೆಂಡತಿ ಕಾಂತಿಗೆ ಅದನ್ನು ಕಂಡರಾಗದು. ಅವಳ ತಮ್ಮ ಭವಿತ್‌ನ ಬಳಿ ಅದೇ ಮಾದರಿಯ ಹೊಸ ತಲೆಮಾರಿನ, ಆರು ವರ್ಷದ ಕಾರಿತ್ತು.

"ಗದ್ದೆಯಲ್ಲಿ ಓಡಿಸಿ ನೋಡುವ ಭಾವ. ಹಳೇ ಕಾರು ಸೋತರೆ ಗುಜರಿಗೆ," ಎಂದ ಭವಿತ್. ಕಾಂತಿ ಅದನ್ನೇ ಬರೆದು ಇಬ್ಬರ ರುಜು ಹಾಕಿಸಿದಳು. ಶೇಖರನಿಗೆ ಅಂದಿನಿಂದ ಊಟ ಸೇರಲಿಲ್ಲ. ಹೆಂಡತಿಯೆದುರು ಹೇಳಿಕೊಳ್ಳಲಾಗದಷ್ಟು ಪ್ರೀತಿ ಅವನಿಗೆ ಆ ಕಾರಿನ ಮೇಲೆ.

ಆಟೋಕ್ರಾಸ್ ದಿನ ಸಮಿತಿಯವರು ಕೊಯ್ಲಾದ ಗದ್ದೆಯಲ್ಲಿ ಕೋನ್‌ಗಳನ್ನಿಟ್ಟಿದ್ದರು. ಕಾರುಗಳು ಒಂದೊಂದಾಗಿ ಸುತ್ತಿ ಬರಬೇಕು. ಕಡಿಮೆ ಸಮಯದವನು ಗೆದ್ದಂತೆ. ಶೇಖರ ಐವತ್ತೆಂಟು ಸೆಕೆಂಡಿನಲ್ಲಿ ಮುಗಿಸಿದ. ಭವಿತ್‌ನ ಕಾರು ಪ್ರತಿ ಕೋನ್ ಕಂಡಾಗಲೂ ಕೂಗಿಕೊಂಡು, ತಾನೇ ಬ್ರೇಕ್ ಹಾಕಿಕೊಂಡು, ಅರವತ್ತನಾಲ್ಕು ತೆಗೆದುಕೊಂಡಿತು. ಶೇಖರ ಕುಣಿದೇಬಿಟ್ಟ.

"ನಿಲ್ಲಿ ಮಾರಾಯ್ರೆ," ಎಂದರು ಅಧ್ಯಕ್ಷ ಜತ್ತಪ್ಪ. ಅವರು ಕಂಬಳದ ಹಳೆಯ ತೀರ್ಪುಗಾರರು. "ಪ್ರಾಯ ನೋಡದೆ ತೀರ್ಪು ಹೇಳುವ ಕ್ರಮ ಇಲ್ಲ."

"ಆರ್.ಸಿ. ಉಂಟಲ್ಲ?" ಎಂದ ಭವಿತ್.

"ಕೋಣಕ್ಕೆ ಆರ್.ಸಿ. ಉಂಟಾ? ಬಾಯಿ ತೆರೆದು ಹಲ್ಲು ನೋಡಿಯೇ ಹಿರಿಯವೋ ಕಿರಿಯವೋ ಹೇಳುವುದು."

ಜತ್ತಪ್ಪ ಎರಡೂ ಬಾನೆಟ್ ತೆರೆಸಿದರು. ಶೇಖರನ ಕಾರಿನಲ್ಲಿ ಬ್ಯಾಟರಿ ಕಳೆದ ವರ್ಷದ್ದು, ರೇಡಿಯೇಟರ್ ಮೊನ್ನೆ ದೀಪಾವಳಿಯದ್ದು, ಪ್ಲಗ್ಗುಗಳು ಹೋದ ವಾರದವು. ಕೆಟ್ಟದ್ದನ್ನೆಲ್ಲ ಬದಲಿಸಿ ಬದಲಿಸಿ ಹಳೆಯದೇನೂ ಉಳಿದಿರಲಿಲ್ಲ. ಭವಿತ್‌ನ ಕಾರಿನಲ್ಲಿ ಏನೂ ಕೆಟ್ಟಿರಲಿಲ್ಲ. ಆದ್ದರಿಂದ ಎಲ್ಲವೂ ಆರು ವರ್ಷ ಹಳೆಯದು.

ಮೈಕಿನಲ್ಲಿ ಆದೇಶ ಹೊರಬಿತ್ತು: "ಸದರಿ ಕಾರುಗಳನ್ನು ತೆರೆದು ಪರಿಶೀಲಿಸಲಾಗಿ, ಶೇಖರರದ್ದು ಕಿರಿಯ ವಿಭಾಗ, ಭವಿತರದ್ದು ಹಿರಿಯ ವಿಭಾಗ. ಆದಕಾರಣ ಹೊಸ ತಲೆಮಾರಿನ ಕಾರೇ ವೇಗವೆಂದು ತೀರ್ಮಾನಿಸಲಾಗಿದೆ."

"ನಾನು ಮೊದಲೇ ಹೇಳ್ಲಿಲ್ವಾ!" ಭವಿತ್ ಚಪ್ಪಾಳೆ ತಟ್ಟಿದ.

ಕಾಂತಿ ಕರಾರುಪತ್ರ ಬಿಡಿಸಿ ಓದಿದಳು. "ಹಾಗಾದ್ರೆ ಸೋತ ಹಳೇ ಕಾರು ನಿನ್ನದೇ ಆಯ್ತಲ್ಲ. ರುಜು ಹಾಕಿದ್ದಿ."

ರುಜು ಅವನದೇ ಆಗಿತ್ತು. ಸೋಮವಾರ ಭವಿತ್ ತನ್ನ ಕಾರನ್ನು ವಿಟ್ಲದ ಅಬ್ದುಲ್ಲರ ಗುಜರಿ ಅಂಗಡಿಗೆ ಒಪ್ಪಿಸಿದ. ಆದೇಶದ ಪ್ರತಿ ಓದಿದ ಅಬ್ದುಲ್ಲ, "ಪಾಪ, ಪ್ರಾಯ ಆಗಿದೆ," ಎಂದು ಗೇಟು ತೆರೆದರು.

ಕರೆದೊಯ್ಯಲು ಶೇಖರ ತನ್ನ ಕಾರು ತಂದಿದ್ದ. ಭವಿತ್ ಕಾಲಿನ ಕೆಸರು ಒರೆಸಿಕೊಂಡು ಜೋಪಾನವಾಗಿ ಒಳಗೆ ಕೂತ.

"ಏನೇ ಹೇಳಿ ಭಾವ," ಎಂದ, "ಹೊಸ ಕಾರಿನ ಸುಖವೇ ಬೇರೆ."