ಸಾಹುಕಾರರ ರಿವಾಲ್ವರಿಗೆ ಬೆಲೆ ಕಟ್ಟಿದ್ದು

ಹಳೇ ರಿವಾಲ್ವರ್ ನೋಡೋಕೆ ಅಂತ ನಾನು ಯಾರ ಮನೆಗೆ ಹೋದರೂ ಅಲ್ಲಿ ಏನಾದರೊಂದು ಆಗಿಯೇ ಆಗುತ್ತೆ. ನೆಟ್ಟಗೆ ಹೋಗಿ, ನೆಟ್ಟಗೆ ನೋಡಿ, ನೆಟ್ಟಗೆ ಬೆಲೆ ಹೇಳಿ ವಾಪಸ್ ಬಂದದ್ದು ನನಗಂತೂ ನೆನಪಿಲ್ಲ. ಚಿತ್ರದುರ್ಗದಲ್ಲಿ ನನ್ನದು ಬಂದೂಕು ರಿಪೇರಿ ಕೆಲಸ. ಹಳೇದನ್ನು ಕೊಳ್ಳೋ ಮುಂಚೆ ಜನ ‘ಮೇಸ್ತ್ರಿ, ಒಂದ್ಸಲ ಬಂದು ನೋಡ್ರಿ, ಎಷ್ಟು ಬಾಳುತ್ತೆ ಹೇಳ್ರಿ’ ಅಂತ ಕರೀತಾರೆ. ನಾನು ಕೂಲಿಗೆ ಹೋಗಲ್ಲ, ತಮಾಷೆ ನೋಡೋಕೆ ಹೋಗ್ತೀನಿ ಅಂತ ನನ್ನ ಹೆಂಡತಿ ಬೈತಾಳೆ. ಅವಳು ಹೇಳೋದೂ ಸುಳ್ಳಲ್ಲ ಬಿಡಿ.

ಹಲ್ಲು ಎಲ್ಲಿ?

ಯಲ್ಲದಕೆರೆಯಿಂದ ಒಬ್ಬ ಕುರಿ ಯಜಮಾನರು ನನ್ನ ಅಂಗಡಿಗೆ ಬಂದರು. ಅರವತ್ತರ ಆಸುಪಾಸಿನ ವಯಸ್ಸು. ಕುರಿ ಕಳ್ಳರ ಕಾಟಕ್ಕೆ ಅಂತ ಅರ್ಜಿ ಹಾಕಿ, ಚಪ್ಪಲಿ ಸವೆಯೋ ತನಕ ಅಲೆದು, ಕೊನೆಗೂ ಲೈಸೆನ್ಸ್ ತಗೊಂಡಿದ್ದರು. ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಬನಿಯನ್ ಜೇಬಲ್ಲಿ ಇಟ್ಟುಕೊಂಡಿದ್ದರು.

‘ರಿವಾಲ್ವರ್ ಬೇಕು ಮೇಸ್ತ್ರಿ. ಹೊಸಾದಲ್ಲ, ಹಳೇದು. ಹಳೇದ್ರಾಗೂ ಒಂದೇ ಒಂದು.’

‘ಒಂದೇ ಒಂದು ಅಂದ್ರೆ?’

ಆಗ ಕತೆ ಹೇಳಿದರು. ಅವರ ಅಪ್ಪನಿಗೆ ಈಗ ತೊಂಬತ್ತರ ಹತ್ತಿರ. ಹರೆಯದಲ್ಲಿ ಈ ಅಜ್ಜ ಊರಿನ ಸಾಹುಕಾರರ ಕುರಿ ಕಾಯ್ತಿದ್ದರಂತೆ. ಸಾಹುಕಾರರ ಸೊಂಟದಲ್ಲಿ ಯಾವಾಗಲೂ ಒಂದು ರಿವಾಲ್ವರ್. ಅವರು ಸ್ನಾನಕ್ಕೆ ಹೋದಾಗ, ಊಟಕ್ಕೆ ಕೂತಾಗ ಅದನ್ನು ಕಾಯೋದೂ ಅಜ್ಜನದೇ ಕೆಲಸ. ಕಾಯಬೇಕು, ಮುಟ್ಟಬಾರದು. ಒಂದು ಸಲ ಬರೀ ಬೆರಳು ತಾಗಿಸಿದ್ದಕ್ಕೆ ‘ಮುಟ್ಟಬ್ಯಾಡಲೇ!’ ಅಂತ ಊರೇ ಕೇಳೋ ಹಂಗೆ ಕೂಗಿದ್ದರಂತೆ. ಅಜ್ಜನ ಮನಸ್ಸಿನಲ್ಲಿ ಅದು ಹಂಗೇ ಉಳಿದುಬಿಟ್ಟಿದೆ. ಸಾಯೋದರೊಳಗೆ ಆ ರಿವಾಲ್ವರನ್ನು ಒಂದೇ ಒಂದು ಸಲ ಕೈಯಲ್ಲಿ ಹಿಡೀಬೇಕು ಅನ್ನೋದೇ ಆಸೆ.

‘ಹೋದ ತಿಂಗಳು ಜ್ವರ ಬಂದಾಗ ಬಡಬಡಿಸ್ತಾ ಅದನ್ನೇ ಕೇಳ್ತು ಮೇಸ್ತ್ರಿ. ನಮ್ಮಪ್ಪ ಇಲ್ಲೀಗಂಟ ನನ್ನ ಒಂದು ಬೀಡಿನೂ ಕೇಳಿದ್ದಿಲ್ಲ,’ ಅಂದರು.  ನಾನು ಟೀ ತರಿಸಿದೆ.

ಸಾಹುಕಾರರು ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಮನೆ ಮಾರಿ, ಮಕ್ಕಳು ದಿಕ್ಕಿಗೊಬ್ಬರಾಗಿ, ರಿವಾಲ್ವರ್ ಯಾರ ಕೈ ಸೇರಿತೋ ಗೊತ್ತಿರಲಿಲ್ಲ. ‘ಯಾವ ಕಂಪ್ನಿದು?’ ಅಂತ ಕೇಳಿದೆ.

‘ಕಂಪ್ನಿ ಯಾರಿಗ್ಗೊತ್ತು? ಹಿಡಿ ಕೆಳಗೆ ಒಂದು ಬಳೆ ಐತಂತೆ, ದಾರ ಕಟ್ಟಾಕೆ. ಮರದ ಹಿಡಿ ಒಂದು ಕಡೆ ಚಕ್ಕೆ ಎದ್ದೈತಂತೆ. ಆಯುಧ ಪೂಜೆ ದಿನ ಸಾಹುಕಾರ್ರು ಅದ್ರಾಗೇ ತೆಂಗಿನಕಾಯಿ ಒಡೆದ್ರಂತೆ.’

ಬೆಲೆ ಹೇಗೆ ಕಟ್ಟಬೇಕು ಅಂತ ಅವರಿಗೂ ಸ್ವಲ್ಪ ತಿಳಿದಿರಲಿ ಅಂದುಕೊಂಡು, ರಿಪೇರಿಗೆ ಬಂದಿದ್ದ ಒಂದು ಹಳೇ ರಿವಾಲ್ವರ್ ತೋರಿಸಿದೆ. ಇಲ್ಲಿ ಮುದ್ರೆ ನೋಡಬೇಕು, ಇಲ್ಲಿ ನಂಬರು ತಾಳೆ ಆಗಬೇಕು, ನಳಿಗೆ ಒಳಗೆ ತುಕ್ಕು ಇರಬಾರದು ಅಂತ ಪಾಠ ಮಾಡಿದೆ. ಯಜಮಾನರು ಎಲ್ಲಾ ಕೇಳಿಸಿಕೊಂಡು, ಕುರಿ ಬೆನ್ನು ಒತ್ತಿ ನೋಡೋ ಹಂಗೆ ಅದರ ಬೆನ್ನು ಒತ್ತಿದರು. ಮಗುಚಿ ಹೊಟ್ಟೆ ನೋಡಿದರು.

‘ಹಲ್ಲು ಎಲ್ಲಿ ನೋಡೋದು?’ ಅಂದರು.

‘ಇದಕ್ಕೆ ಹಲ್ಲಿಲ್ಲ ಯಜಮಾನ್ರೇ.’

‘ಮತ್ತೆ ವಯಸ್ಸು ಹೆಂಗೆ ಗೊತ್ತಾಗುತ್ತೆ? ಮಾರೋನು ಹೇಳಿದ್ದೇ ನಂಬಬೇಕಾ? ಇದಕ್ಕಿಂತ ಕುರಿ ವಾಸಿ ಬಿಡ್ರಿ. ಬಾಯಿ ಬಿಡಿಸಿದ್ರೆ ನಿಜ ಹೇಳುತ್ತೆ.’

ಹುಣಸೆಹಣ್ಣು

ಹಿರಿಯೂರಿನಲ್ಲಿ ಒಬ್ಬ ನಿವೃತ್ತ ಅಧಿಕಾರಿಗಳ ಹತ್ತಿರ ಬಳೆ ಇರೋ ಹಳೇ ರಿವಾಲ್ವರ್ ಇದೆ ಅಂತ ಸುದ್ದಿ ಸಿಕ್ಕಿತು. ಫೋನ್ ಮಾಡಿ, ನಾನೂ ಯಜಮಾನರೂ ಹೋದೆವು.

ಒಂದು ಮಾತು ಹೇಳಿಬಿಡ್ತೀನಿ. ಹಳೇ ಆಯುಧದ ಬೆಲೆ ಇರೋದೇ ಅದರ ಹಳೇ ಬಣ್ಣದಲ್ಲಿ. ತಯಾರಾದಾಗ ಕೊಟ್ಟ ಕರಿನೀಲಿ ಬಣ್ಣ ಎಷ್ಟು ಉಳಿದಿದೆಯೋ ಅಷ್ಟು ಬೆಲೆ. ಅದು ಹೋಯಿತೋ, ಅರ್ಧ ಬೆಲೆ ಅಲ್ಲಿಗೇ ಹೋಯಿತು.

ಅಧಿಕಾರಿಗಳು ನಮ್ಮನ್ನು ಕೂರಿಸಿದರು. ಅವರ ಹೆಂಡತಿ ಒಳಗಿಂದ ತಟ್ಟೆಯಲ್ಲಿ ಎಲೆ, ಅಡಿಕೆ, ನಡುವೆ ರಿವಾಲ್ವರ್ ಇಟ್ಟುಕೊಂಡು ಬಂದರು. ಹೆಣ್ಣು ನೋಡೋಕೆ ಬಂದವರ ಮುಂದೆ ತಟ್ಟೆ ತರೋ ಹಂಗೇ ಇತ್ತು. ನಾನು ನೋಡ್ತೀನಿ, ರಿವಾಲ್ವರ್ ಫಳಫಳ ಹೊಳೀತಾ ಇದೆ! ಕರಿನೀಲಿ ಅನ್ನೋದು ಒಂದು ಚುಕ್ಕೆಯಷ್ಟೂ ಇಲ್ಲ.

‘ನೀವು ಬರ್ತೀರಂತ ಬೆಳಗ್ಗೆಯಿಂದ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದೀನಿ,’ ಅಂದರು ಅಮ್ಮ. ‘ಏನು ಕಪ್ಪು ಹಿಡಿದಿತ್ತು ಅಂತೀರಾ! ಈಗ ನೋಡ್ರಿ. ಬೆಲೆ ಸ್ವಲ್ಪ ಏರುತ್ತೆ, ಅಲ್ವಾ?’

ಅವರ ಬೆರಳ ತುದಿಯೆಲ್ಲ ಕೆಂಪಾಗಿತ್ತು. ಅರ್ಧ ಬೆಲೆ ತಿಕ್ಕಿ ತೊಳೆದು ಬಚ್ಚಲಿಗೆ ಬಿಟ್ಟಿದ್ದೀರಿ ತಾಯಿ ಅಂತ ಹೇಳೋಕೆ ನನಗೆ ಬಾಯಿ ಬರಲಿಲ್ಲ. ‘ಬಾಳ ಚೆನ್ನಾಗಿ ಹೊಳೀತೈತಮ್ಮ,’ ಅಂದೆ. ಹಿಡಿಯಲ್ಲಿ ಚಕ್ಕೆ ಎದ್ದಿರಲಿಲ್ಲ, ಅದು ನಮ್ಮದಲ್ಲ ಅನ್ನೋದೊಂದೇ ಸಮಾಧಾನ.

ಹೊರಡೋ ಮುಂಚೆ ರಿವಾಜಿಗೆ ಅಂತ ಅಧಿಕಾರಿಗಳನ್ನು ಕೇಳಿದೆ, ‘ಗುಂಡುಗಳು ಇದಾವಾ ಸಾರ್?’

ಅವರು ಬಾಯಿ ತೆಗೆಯೋ ಮುಂಚೆ ಅಮ್ಮನೇ ಹೇಳಿದರು: ‘ಅವೆ ಅವೆ! ಅವನ್ನೂ ತಿಕ್ಕಿ ತೊಳೆದೀನಿ. ಮಾಳಿಗೆ ಮ್ಯಾಲೆ ಹಪ್ಪಳದ ಜೊತೆ ಒಣಗಾಕೆ ಹಾಕೀನಿ.’

ಎಷ್ಟು ಜನ ಸತ್ತರು?

ಆಮೇಲೆ ಹೊಳಲ್ಕೆರೆ ಕಡೆಯ ರಾಮಗಿರಿಯಿಂದ ಫೋನ್ ಬಂತು. ‘ಹಿಡಿ ಚಕ್ಕೆ ಎದ್ದಿರೋ ಹಳೇ ರಿವಾಲ್ವರ್ ಐತೆ. ಬರ್ರಿ.’ ಯಜಮಾನರು ಆ ರಾತ್ರಿ ನಿದ್ದೆ ಮಾಡಲಿಲ್ಲವಂತೆ. ಮಾರನೇ ದಿನವೇ ‘ಹೋಗಾಣ ನಡೀರಿ ಮೇಸ್ತ್ರಿ’ ಅಂತ ಅಂಗಡಿ ಮುಂದೆ ನಿಂತರು.

ಮಾರೋರು ದಪ್ಪ ಮೀಸೆಯ ಹಿರಿಯರು. ರಿವಾಲ್ವರನ್ನು ರೇಷ್ಮೆ ಶಲ್ಯದಲ್ಲಿ ಸುತ್ತಿಟ್ಟಿದ್ದರು. ಬಿಚ್ಚೋ ಮುಂಚೆಯೇ ದನಿ ತಗ್ಗಿಸಿ ಹೇಳಿದರು, ‘ಇದಕ್ಕೆ ಎಷ್ಟು ಜನ ಬಲಿಯಾಗ್ಯಾರೆ ಗೊತ್ತೇನ್ರಿ? ಏನಿಲ್ಲ ಅಂದ್ರೂ ನಲವತ್ತು.’

ಯಜಮಾನರು ನನ್ನ ಹಿಂದೆ ಸರಿದರು. ನನಗೂ ಬೆವರು. ನಲವತ್ತು ಕೊಲೆಯ ರಿವಾಲ್ವರಿಗೆ ಬೆಲೆ ಕಟ್ಟಿದರೆ ನಾಳೆ ನನ್ನ ಬೆಲೆ ಯಾರು ಕಟ್ಟಬೇಕು?

ಶಲ್ಯ ಬಿಚ್ಚಿ ಕೈಗೆ ಕೊಟ್ಟರು. ಹತ್ತಿಯಷ್ಟು ಹಗುರ! ಉಗುರಲ್ಲಿ ಕೆರೆದೆ. ಬೆಳ್ಳಿ ಬಣ್ಣ ಎದ್ದು ಒಳಗಿಂದ ಮರ ಕಂಡಿತು. ‘ಸ್ವಾಮಿ, ಇದು ಮರದ್ದು,’ ಅಂದೆ.

‘ಹೂಂ ಮತ್ತೆ! ನಮ್ಮೂರ ನಾಟಕದ್ದು ಅಲ್ವೇನ್ರಿ. ನಮ್ಮ ಬಡಿಗ್ಯಾರೇ ಮಾಡಿದ್ದು. ವರ್ಷಕ್ಕೊಂದು ನಾಟಕ, ನಾಟಕಕ್ಕೊಬ್ಬ ಖಳನಾಯಕ. ಹೊಡೆಯೋನು ಯಾವಾಗ್ಲೂ ನಾನೇ.’

‘ಸದ್ದು ಹೆಂಗೆ ಬರುತ್ತೆ?’ ಯಜಮಾನರಿಗೆ ಈಗ ಧೈರ್ಯ ಬಂದಿತ್ತು.

‘ಪರದೆ ಹಿಂದೆ ಪಟಾಕಿ ಹೊಡೀತಾರೆ. ಒಂದ್ಸಲ ಪಟಾಕಿ ಠುಸ್ಸಂತು. ನಾನು ಹೊಡೆದೆ, ಸದ್ದಿಲ್ಲ. ಇನ್ನೊಂದ್ಸಲ ಹೊಡೆದೆ, ಇಲ್ಲ. ಜನ ಶಿಳ್ಳೆ ಹಾಕಾಕೆ ಹತ್ತಿದ್ರು. ನಮ್ಮ ಖಳನಾಯಕ ಬಾಳ ಒಳ್ಳೆ ಮನುಷ್ಯ. ನನ್ನ ಮರ್ಯಾದೆ ಹೋಗಬಾರದು ಅಂತ ತಾನೇ ಎದೆ ಹಿಡ್ಕಂಡು, ‘ಅಯ್ಯೋ, ಹೃದಯಾಘಾತ!’ ಅಂತ ಕೂಗಿ ಸತ್ತ.’

ತವರುಮನೆ

ಚಿತ್ರದುರ್ಗದಲ್ಲೇ ಒಬ್ಬ ಹಿರಿಯ ವಕೀಲರ ಬಳಿ ಹಳೇ ರಿವಾಲ್ವರ್ ಇತ್ತು. ನಾವು ಹೋದರೆ, ‘ಅಯ್ಯೋ, ಮನೆಯಲ್ಲಿಲ್ಲ, ಠಾಣೆಯಲ್ಲಿದೆ’ ಅಂದರು. ಚುನಾವಣೆ ಬಂದಾಗ ಲೈಸೆನ್ಸ್ ಇರೋ ಆಯುಧಗಳನ್ನೆಲ್ಲ ಠಾಣೆಗೆ ಒಪ್ಪಿಸಬೇಕು ಅನ್ನೋದು ನಿಮಗೂ ಗೊತ್ತಿರಬಹುದು. ಪಂಚಾಯ್ತಿ ಮುಗೀತು ಅನ್ನೋದರೊಳಗೆ ವಿಧಾನಸಭೆ, ಅದು ಮುಗೀತು ಅನ್ನೋದರೊಳಗೆ ಲೋಕಸಭೆ. ವಕೀಲರು ಬೇಜಾರಿನಿಂದ ಹೇಳಿದರು, ‘ಹೊಸ ಸೊಸೆ ಆಷಾಢಕ್ಕೆ ಒಂದು ತಿಂಗಳು ತವರಿಗೆ ಹೋಗ್ತಾಳೆ. ನಮ್ಮ ರಿವಾಲ್ವರ್ ವರ್ಷಕ್ಕೆ ಒಂದು ತಿಂಗಳು ನಮ್ಮ ಮನೆಗೆ ಬರುತ್ತೆ.’

ಅದಕ್ಕೆ ಬಳೆಯೂ ಇಲ್ಲವಂತೆ, ಅದು ನಮ್ಮದಾಗಿರಲಿಲ್ಲ. ಆದರೆ ತೆಂಗಿನಕಾಯಿ ಒಡೆದ ಕತೆ ಕೇಳಿ ಅವರು ನಕ್ಕರು. ‘ಆ ಸಾಹುಕಾರರ ಮಗಳನ್ನ ಹೊಸದುರ್ಗ ಕಡೆ ಮಾಡದಕೆರೆಗೆ ಕೊಟ್ಟಿದ್ದಾರೆ. ಆಯಮ್ಮ ಈಗ ಅಜ್ಜಿ. ರಿವಾಲ್ವರ್ ಅವರ ಹತ್ತಿರವೇ ಇದೆ, ಮಾರಬೇಕು ಅಂತಲೂ ಇದ್ದಾರೆ. ಲೈಸೆನ್ಸ್ ಕಾಗದ ಮೊನ್ನೆ ನಾನೇ ನೋಡಿದೆ,’ ಅಂದರು. ಯಜಮಾನರು ವಕೀಲರ ಕಾಲಿಗೆ ಬೀಳೋಕೆ ಹೋದರು. ಅವರು ಗಾಬರಿಯಾಗಿ, ‘ಏಳ್ರಿ, ಏಳ್ರಿ! ಕೇಸು ಗೆದ್ದಾಗಲೂ ಇಷ್ಟು ಬಗ್ಗಿದವರಿಲ್ಲ’ ಅಂದರು.

ಅಜ್ಜ ಬೆಲೆ ಕಟ್ಟಿದ್ದು

ಚುನಾವಣೆ ಮುಗಿದು ಆಯುಧಗಳು ಠಾಣೆಯಿಂದ ಮನೆ ಸೇರಿದ ಮೇಲೆ ಮಾಡದಕೆರೆಗೆ ಅಜ್ಜನನ್ನೂ ಕಾರಿನಲ್ಲಿ ಕರಕೊಂಡು ಹೋದೆವು. ಹೊಸ ಪಂಚೆ ಉಟ್ಟು, ರುಮಾಲು ಸುತ್ತಿ, ಹೆಗಲಿಗೆ ಟವಲು ಹಾಕಿ ಅಜ್ಜ ಮದುಮಗನ ಹಂಗೆ ಬಂದಿದ್ದರು. 

ಸಾಹುಕಾರರ ಮಗಳಿಗೆ ಎಂಬತ್ತರ ಹತ್ತಿರ. ಮನೆ ತುಂಬ ಸೊಸೆಯರು, ಮೊಮ್ಮಕ್ಕಳು. ಅಜ್ಜ ಒಳಗೆ ಬಂದವರೇ ನೆಲದ ಮೇಲೆ ಕೂತರು. ‘ಏನಣ್ಣ ಇದು, ಎದ್ದು ಕುರ್ಚಿ ಮ್ಯಾಲೆ ಕುಂತ್ಕಳ್ರಿ! ನೀವು ಕುಂತ್ಕಳೋಗಂಟ ನಾನೂ ಕೂರಲ್ಲ,’ ಅಂತ ಅಜ್ಜಿ ಗದರಿದರು. ಅಜ್ಜ ಕುರ್ಚಿಯ ತುದಿಯಲ್ಲಿ ಕೂತರು.

ಅಜ್ಜಿ ಬೀರುವಿನಿಂದ ರಿವಾಲ್ವರ್ ತಂದರು. ಬಳೆ ಇತ್ತು. ಹಿಡಿಯಲ್ಲಿ ಚಕ್ಕೆ ಎದ್ದಿತ್ತು. ಗುಂಡು ಇಲ್ಲ ಅಂತ ಖಾತ್ರಿ ಮಾಡಿಕೊಂಡು ನಾನು ಕೂಲಂಕಷವಾಗಿ ನೋಡಿದೆ. ನಂಬರುಗಳು ತಾಳೆ ಆಗ್ತಿದ್ದವು, ನಳಿಗೆ ಕನ್ನಡಿಯ ಹಂಗಿತ್ತು, ಕರಿನೀಲಿ ಬಣ್ಣ ಮುಕ್ಕಾಲು ಪಾಲು ಉಳಿದಿತ್ತು. ಇಷ್ಟು ಒಳ್ಳೇದು ಸಿಗೋದು ಅಪರೂಪ. ಯಜಮಾನರನ್ನು ಅಜ್ಜನ ಕುರ್ಚಿ ಪಕ್ಕಕ್ಕೆ ಕರೆದು, ‘ಇದು ಹತ್ತು ಹನ್ನೆರಡು ಟಗರಿನ ಬೆಲೆ ಬಾಳುತ್ತೆ’ ಅಂದೆ. ‘ಇಪ್ಪತ್ತು ಟಗರು ಹೋದ್ರೂ ಹೋಗ್ಲಿ ಮೇಸ್ತ್ರಿ,’ ಅಂದರು ಅವರು.

ರಿವಾಲ್ವರನ್ನು ಅಜ್ಜನ ಮುಂದೆ ಹಿಡಿದೆ. ಅಜ್ಜ ಕೈ ಚಾಚಿದರು, ಅರ್ಧಕ್ಕೆ ನಿಲ್ಲಿಸಿದರು. ಬಾಗಿಲ ಕಡೆ ನೋಡಿದರು. ಯಾರು ಬರ್ತಾರೆ ಅಂತ ನೋಡಿದರೋ ನಮಗೆಲ್ಲ ಗೊತ್ತು.

‘ಮುಟ್ಟಣ್ಣ,’ ಅಂದರು ಅಜ್ಜಿ. ‘ಬೈಯೋರು ಈಗ ಯಾರೂ ಇಲ್ಲ.’

ಅಜ್ಜ ಎರಡೂ ಕೈಯಲ್ಲಿ ತಗೊಂಡರು.   ಯಜಮಾನರ ಕಣ್ಣಲ್ಲಿ ನೀರು. ನನಗೂ ಅಷ್ಟೇ, ಸುಳ್ಳು ಯಾಕೆ ಹೇಳಲಿ. ಅಜ್ಜ ಅದನ್ನು ತೂಗಿ ನೋಡಿದರು. ಬೆನ್ನು ಒತ್ತಿ ನೋಡಿದರು. ಮಗುಚಿ ನೋಡಿದರು. ಬಾಳ ಹೊತ್ತಾದ ಮೇಲೆ ತಲೆ ಎತ್ತಿದರು.

‘ಇಷ್ಟೇನಾ?’

‘ಯಾಕಪ್ಪಾ?’ ಅಂದರು ಯಜಮಾನರು.

‘ಇದಕ್ಕಾ ನಾನು ಇಷ್ಟು ವರ್ಷ ಆಸೆ ಪಟ್ಟಿದ್ದು? ಮೈ ಇಲ್ಲ, ಉಣ್ಣೆ ಇಲ್ಲ, ಮರಿ ಹಾಕಲ್ಲ. ಹನ್ನೆರಡು ಟಗರಾ ಇದಕ್ಕೆ? ತಲೆ ಕೆಟ್ಟೈತೇನಲೇ ನಿಂಗೆ?’

ಅಜ್ಜಿ ನಗೋಕೆ ಶುರು ಮಾಡಿದವರು ಸೆರಗಿನಿಂದ ಕಣ್ಣೊರೆಸಿಕೊಳ್ಳೋ ತನಕ ನಕ್ಕರು. ‘ನಿಜ ಕಣಣ್ಣ. ನಮ್ಮಪ್ಪ ಅದ್ರಾಗೆ ತೆಂಗಿನಕಾಯಿ ಒಂದು ಬಿಟ್ಟು ಇನ್ನೇನೂ ಹೊಡೀಲಿಲ್ಲ,’ ಅಂದರು. ಆಮೇಲೆ ದನಿ ಮೆತ್ತಗಾಯಿತು. ‘ಮುಟ್ಟಬ್ಯಾಡ ಅಂತ ನಿನಗೊಬ್ಬನಿಗೇ ಅಂದಿದ್ದಲ್ಲ. ನೀನು ಹಟ್ಟಿ ಬೇಲಿ ಸಂದಿಯಿಂದ ನನ್ನ ಕೈಗೆ ಕುರಿಮರಿ ಕೊಡ್ತಿದ್ದೆ, ನೆನಪೈತಾ? ಲಂಗ ಗಲೀಜಾಗುತ್ತೆ, ಮುಟ್ಟಬ್ಯಾಡ ಅಂತ ನಮ್ಮಪ್ಪ ಕಿತ್ಕಂಡು ವಾಪಸ್ ಕೊಡ್ತಿದ್ದ. ಒಂದು ದಿನಾನೂ ಮನಸ್ಸು ತುಂಬ ಆಡಿಸಾಕೆ ಬಿಡಲಿಲ್ಲ.’

ಅಜ್ಜ ರಿವಾಲ್ವರನ್ನು ತೊಡೆ ಮೇಲೆ ಇಟ್ಟು, ಹೆಗಲ ಟವಲು ತೆಗೆದು ಅಜ್ಜಿಯ ಕೈ ಮೇಲೆ ಹೊದಿಸಿ, ಅದರ ಕೆಳಗೆ ತಮ್ಮ ಕೈ ತೂರಿಸಿದರು. ಕುರಿ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳಲ್ಲ. ಟವಲಿನ ಕೆಳಗೆ ಬೆರಳು ಹಿಡಿದೇ ವ್ಯಾಪಾರ ಮುಗಿಸ್ತಾರೆ, ನೋಡ್ತಾ ನಿಂತವರಿಗೆ ಏನೂ ತಿಳಿಯಲ್ಲ. ಅಜ್ಜಿ ಹುಬ್ಬೇರಿಸಿದರು. ಅಜ್ಜ ತಲೆ ಆಡಿಸಿದರು. ಅಜ್ಜಿ ‘ಊಹೂಂ’ ಅಂದರು. ಅಜ್ಜ ಮತ್ತೆ ಬೆರಳು ಹಿಡಿದರು. ಇಬ್ಬರೂ ಚಿಕ್ಕ ಮಕ್ಕಳ ಹಂಗೆ ನಗ್ತಿದ್ದರು. ಕೊನೆಗೆ ಟವಲು ಸರಿಯಿತು.

‘ವ್ಯಾಪಾರ ಆತು,’ ಅಂದರು ಅಜ್ಜ.

ಯಜಮಾನರು ಸಡಗರದಿಂದ ಬನಿಯನ್ ಜೇಬಿನ ಲೈಸೆನ್ಸ್ ಎಳೆದರು. ‘ಎಷ್ಟಕ್ಕೆ ಕೊಂಡೆ ಅಪ್ಪಾ?’

‘ಕೊಳ್ಳಲಿಲ್ಲ ಕಣಲೇ, ಮಾರಿದೆ. ಕುರಿಮರಿ. ಅಮ್ಮಾರು ಒಂದು ಸಾಕು ಅಂದ್ರು. ಒಂಟಿ ಮರಿ ಅಳುತ್ತೆ ಅಂತ ಎರಡು ಮಾಡಿದೆ. ಬರೋ ಸೋಮವಾರ ತಂದು ಬಿಡು.’

ನಾನು ತಬ್ಬಿಬ್ಬು. ಯಜಮಾನರು ಲೈಸೆನ್ಸ್ ಬಿಚ್ಚಿ ಹಿಡಿದುಕೊಂಡು ಅಳೋ ಹಂಗೆ ನಿಂತಿದ್ದರು. ‘ಅಪ್ಪಾ, ಇದ್ರಾಗೆ ಆಯುಧದ ಹೆಸರು ಬರೆಸಬೇಕು. ಕೊಳ್ಳೋ ವಾಯಿದೆ ಮುಗಿಯಾಕೆ ಬಂತು. ಇಷ್ಟು ಅಲೆದಿದ್ದೆಲ್ಲ ದಂಡಾನಾ?’

ಅಜ್ಜ ರಿವಾಲ್ವರನ್ನು ಅಜ್ಜಿಯ ಮಡಿಲಿಗೆ ಇಟ್ಟು, ಮಗನ ಕೈಯಿಂದ ಲೈಸೆನ್ಸ್ ಇಸಕೊಂಡು, ಖಾಲಿ ಜಾಗವನ್ನು ಬೆರಳಲ್ಲಿ ಸವರಿ ನನ್ನ ಕಡೆ ತಿರುಗಿದರು.

‘ಮೇಸ್ತ್ರಿ, ಇಲ್ಲಿ ನಮ್ಮ ದೊಡ್ಡ ಟಗರು ಬರೆಸಾಕೆ ಬರುತ್ತೇನ್ರಿ? ಅದೂ ಎದುರಿಗೆ ಬಂದೋರ ಎದೆಗೇ ಹೊಡೆಯೋದು.’