ಮುನ್ನೂರೊಂದನೆಯ ಬೆನ್ನು

ಈ ಕತೆ ಹೇಳುವ ಯೋಗ್ಯತೆ ನನಗಿಲ್ಲ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮೇಕೆ ಸಾಕಿದವರು ಇದರಲ್ಲಿ ತಪ್ಪು ಹುಡುಕಬಹುದು. ಹಡಗು ಕಂಡವರು ಇನ್ನೂ ಹೆಚ್ಚು ಹುಡುಕಬಹುದು. ಹೇಳದೆ ಸುಮ್ಮನಿರೋಣ ಎಂದು ಎರಡು ಸಲ ಪೆನ್ನು ಕೆಳಗಿಟ್ಟದ್ದೂ ಉಂಟು. ನಡೆದದ್ದನ್ನು ನಡೆದ ಕ್ರಮದಲ್ಲೇ ಹೇಳಲು ನೋಡುತ್ತೇನೆ. ನಡುವೆ ಎಲ್ಲಾದರೂ ಒಂದು ಮೇಕೆ ಹೆಚ್ಚುಕಮ್ಮಿಯಾದರೆ ದೊಡ್ಡ ಮನಸ್ಸು ಮಾಡಬೇಕು.

ಎಲ್ಲಕ್ಕೂ ಕಾರಣ ಎರಡು ಗೇಣು ಹಗ್ಗ. ಅಂದು ಬೆಳಿಗ್ಗೆ ಗುಮಾಸ್ತ ಹಿತ್ತಲಿಗೆ ಹೋದಾಗ ಗೂಟದಲ್ಲಿ ಉಳಿದದ್ದು ಅಷ್ಟೇ. ಅದರ ತುದಿ ಜಗಿದು ಜಗಿದು ಹಳೆಯ ಹಲ್ಲುಜ್ಜುವ ಬ್ರಷ್ಷಿನಂತಾಗಿತ್ತು. ಮೇಕೆ ಇರಲಿಲ್ಲ.

ಅದು ಅವನ ತಾಯಿಯ ಮೇಕೆ. ಮೈಯೆಲ್ಲ ಬಿಳಿ, ಹೆಸರು ಮಹಾರಾಣಿ. ಕರೆದರೆ ಒಂದು ದಿನವೂ ಬಂದದ್ದಲ್ಲ. ಕರೆದವರಿಗೆ ಬೆನ್ನು ತಿರುಗಿಸಿ ನಿಲ್ಲುವುದೇ ಅದರ ವಾಡಿಕೆ. ಹುಡುಕಲು ಹೊರಟ ಮಗನನ್ನು ತಾಯಿ ತಡೆದಳು.

"ಹೊಟ್ಟೆ ಚುರುಗುಟ್ಟಿದ್ರೆ ತಾನೇ ಬರ್ತಾಳೆ. ನೀನು ಹೊರಡು, ಇವತ್ತೊಂದು ದಿನ ತಡ ಮಾಡ್ಬೇಡ."

ಅವಳು ಹಾಗೆ ಹೇಳಿದ್ದಕ್ಕೆ ಕಾರಣವಿತ್ತು. ಬಂದರಿನ ಪಕ್ಕದ ಪಶು ತಪಾಸಣಾ ಕೇಂದ್ರದಲ್ಲಿ ಅವನು ಹನ್ನೊಂದು ವರ್ಷದಿಂದ ಹಂಗಾಮಿ ಗುಮಾಸ್ತ. ಹೊರದೇಶಕ್ಕೆ ಹೋಗುವ ಪ್ರಾಣಿಗಳನ್ನು ಅಲ್ಲಿ ಇಪ್ಪತ್ತೊಂದು ದಿನ ಕ್ವಾರಂಟೈನಿನಲ್ಲಿಟ್ಟು, ರೋಗವಿಲ್ಲವೆಂದು ಖಾತ್ರಿಯಾದ ಮೇಲೆ ಹಡಗು ಹತ್ತಿಸುತ್ತಿದ್ದರು. ಈ ಸಲದ ಸರದಿ ಮುನ್ನೂರು ಬಿಳಿ ಮೇಕೆಗಳದು. ಅಂದಿಗೆ ಇಪ್ಪತ್ತೊಂದನೆಯ ದಿನ, ಸಂಜೆ ಐದಕ್ಕೆ ಹಡಗು. ಅವು ಕುಂದಿಲ್ಲದೆ ಹೋದರೆ ಗುಮಾಸ್ತನ ಕೆಲಸ ಕಾಯಂ. ಆದೇಶದ ಕಾಗದ ಕೇಂದ್ರದ ಮುಖ್ಯಸ್ಥರಾದ ಪಶುವೈದ್ಯರ ಮೇಜಿನ ಖಾನೆಯಲ್ಲಿ ಸಿದ್ಧವಾಗಿತ್ತು. ಮರುದಿನ ಬೆಳಿಗ್ಗೆ ಹತ್ತಕ್ಕೆ ಅವನು ಖುದ್ದಾಗಿ ಬಂದು ಹಾಜರಿ ಪುಸ್ತಕದಲ್ಲಿ ಸಹಿ ಹಾಕಬೇಕು, ಅಷ್ಟೇ. ಹಾಕದಿದ್ದರೆ ಆ ಜಾಗ ಪಟ್ಟಿಯಲ್ಲಿದ್ದ ಮುಂದಿನವನಿಗೆ.

ಕೇಂದ್ರದಲ್ಲಿ ಎಲ್ಲರೂ ಅವನನ್ನು ಲೆಕ್ಕಪ್ಪ ಎನ್ನುತ್ತಿದ್ದರು. ಉಳಿದವರು ಪಟ್ಟಿ ನೋಡಿ ಸಂಖ್ಯೆ ಬರೆದರೆ ಇವನು ನಿಜವಾಗಿಯೂ ಎಣಿಸುತ್ತಿದ್ದ. ಅವನ ಜೇಬಿನಲ್ಲಿ ಒಂದು ಪುಟ್ಟ ಯಂತ್ರವಿತ್ತು. ಹೆಬ್ಬೆರಳಿನಿಂದ ಒತ್ತಿದರೆ ಟಕ್ ಎಂದು ಒಂದು ಸಂಖ್ಯೆ ಏರುತ್ತಿತ್ತು. ಹಿಂದಿನ ಗುಮಾಸ್ತ ನಿವೃತ್ತನಾಗುವಾಗ ಅದರ ಜೊತೆ ಒಂದು ಉಪದೇಶವನ್ನೂ ಕೊಟ್ಟುಹೋಗಿದ್ದ. ಮೇಕೆಯ ಮುಖ ನೋಡಬೇಡ, ಮುಖ ನೋಡಿದರೆ ಮರುಕ ಹುಟ್ಟಿ ಲೆಕ್ಕ ತಪ್ಪುತ್ತದೆ, ಬೆನ್ನು ಮಾತ್ರ ನೋಡು ಎಂದು. ಇವನು ಹನ್ನೊಂದು ವರ್ಷ ಬೆನ್ನುಗಳನ್ನೇ ನೋಡಿದ್ದ.

ಗೇಟಿನಲ್ಲಿ ಔಷಧಿ ನೀರಿನ ತೊಟ್ಟಿಯಲ್ಲಿ ವಾಡಿಕೆಯಂತೆ ಎರಡೆರಡು ಸಲ ಕಾಲು ಅದ್ದುತ್ತಿರುವಾಗ ಕಾವಲುಗಾರ ಒಂದು ಸುದ್ದಿ ಹೇಳಿದ. ಮೇವಿನ ಗಾಡಿಗೆ ಗೇಟು ತೆಗೆದಾಗ ಬಿಳಿ ಮೇಕೆಯೊಂದು ಅಲ್ಲೇ ಸುಳಿದಾಡುತ್ತಿತ್ತಂತೆ. ಹಿಂದಿನಿಂದ ಒಂದು ಏಟು ಬಿಟ್ಟು ಒಳಗೆ ಓಡಿಸಿದನಂತೆ. ಹೇಳಿ, ಶಾಭಾಸ್ ಎನ್ನಲಿ ಎಂಬಂತೆ ನಿಂತ.

ಗುಮಾಸ್ತನ ಒಂದು ಕಾಲು ತೊಟ್ಟಿಯಲ್ಲೇ ಉಳಿಯಿತು. "ಒಳಗಡೆಯಿಂದ ಬಂದಿತ್ತಾ, ಹೊರಗಡೆಯಿಂದ ಬಂದಿತ್ತಾ?"

"ಅದನ್ನ ಕೇಳ್ಲಿಲ್ಲ ನಾನು," ಎಂದ ಕಾವಲುಗಾರ.

ಗುಮಾಸ್ತನ ಕಣ್ಣು ಗೋಡೆಯ ಕಡೆ ಹೋಯಿತು. ಗೋಡೆಯ ಮೇಲಿನ ನಿಯಮಗಳ ಫಲಕ ಅವನದೇ ಅಕ್ಷರದಲ್ಲಿತ್ತು. ಹೊರಗಿನ ಒಂದು ಪ್ರಾಣಿ ಹಟ್ಟಿಗೆ ಬಂದರೂ ಇಡೀ ಮಂದೆಗೆ ಇಪ್ಪತ್ತೊಂದು ದಿನ ಮತ್ತೆ ಮೊದಲಿಂದ. ಹಟ್ಟಿಯ ಪ್ರಾಣಿ ಹೊರಗೆ ಹೋಗಿ ಬೇರೆ ಪ್ರಾಣಿಯ ಬಾನಿಗೆ ಬಾಯಿ ಹಾಕಿದರೆ ಆ ಜಾಗಕ್ಕೆ ಬೀಗ. ಆ ಹೊತ್ತಿಗೆ ಅಲ್ಲಿದ್ದವರೆಲ್ಲ ಇಪ್ಪತ್ತೊಂದು ದಿನ ಅಲ್ಲೇ. ಈ ಕೊನೆಯ ನಿಯಮಕ್ಕೆ 'ಅಧಿಕಾರಿಗಳೂ ಸೇರಿ' ಎಂದು ಸೇರಿಸಬೇಕೆಂದು ಹೋದ ವರ್ಷ ಮೂರು ಅರ್ಜಿ ಬರೆದು ಸೇರಿಸಿದವನೂ ಅವನೇ. ನಿಯಮಗಳು ಅವನಿಗೆ ತಮಾಷೆಯಾಗಿರಲಿಲ್ಲ. ಹಿಂದೊಮ್ಮೆ ಕೆಮ್ಮುವ ಮೇಕೆಯೊಂದು ಹೇಗೋ ಹಡಗು ಹತ್ತಿ, ಆಚೆ ದಡದ ಮಂದೆಗಳೆಲ್ಲ ಮಲಗಿ, ಎರಡು ವರ್ಷ ಈ ಬಂದರಿಗೆ ಹಡಗೇ ಬರದೆ ಹೋದದ್ದು ಅವನಿಗೆ ನೆನಪಿತ್ತು.

ಓಡಿಹೋಗಿ ಬೆಳಗಿನ ಎಣಿಕೆಗೆ ನಿಂತ. ಮೇಕೆಗಳು ಒಂದೊಂದಾಗಿ ಹಾಯುವಂಥ ಇಕ್ಕಟ್ಟಾದ ಓಣಿ ಅಲ್ಲಿತ್ತು, ಮೇಲೆ ಅಡ್ಡಕ್ಕೆ ಒಂದು ಕಂಬಿ. ಟಕ್, ಟಕ್, ಟಕ್. ಬೆನ್ನುಗಳೆಲ್ಲ ಮುಗಿದ ಮೇಲೆ ಯಂತ್ರ ನೋಡಿದರೆ ಮುನ್ನೂರೊಂದು.

ಅಷ್ಟರಲ್ಲಿ ಡಾಕ್ಟರು ಪಕ್ಕದಲ್ಲೇ ನಿಂತು ಬಿಳಿ ಕೋಟಿನ ಹುಲ್ಲು ಕೊಡವಿಕೊಳ್ಳುತ್ತ, ಪಕ್ಕದ ಬಾಗಿಲಿನ ಚಿಲಕ ತುಕ್ಕು ಹಿಡಿದು ಒಂದು ವಾರವಾಯಿತು, ಈ ವಯಸ್ಸಿನಲ್ಲಿ ಸೊಂಟ ಬಗ್ಗಿಸಿ ಓಡಾಡುವಂತಾಯಿತು ಎಂದು ಗೊಣಗಿದರು. ಗುಮಾಸ್ತನ ಕಿವಿಗೆ ಅದು ಬೀಳಲಿಲ್ಲ. ಎಷ್ಟಾಯಿತು ಎಂದು ಅವರು ಕೇಳಿದಾಗ, "ಸರಿಯಾಗಿದೆ ಸರ್," ಎಂದವನು ಪುಸ್ತಕದಲ್ಲಿ ಮುನ್ನೂರು ಎಂದು ಪೆನ್ಸಿಲಿನಲ್ಲಿ ಬರೆದ. ಹನ್ನೊಂದು ವರ್ಷದಲ್ಲಿ ಅವನು ಪೆನ್ಸಿಲ್ ಮುಟ್ಟಿದ್ದು ಅದೇ ಮೊದಲು. ಮತ್ತೊಮ್ಮೆ ಎಣಿಸಬೇಕೆಂದರೆ ಡಾಕ್ಟರ ಅಪ್ಪಣೆ ಬೇಕು. ಅಪ್ಪಣೆ ಕೇಳಿದರೆ ಏಕೆ ಎನ್ನುತ್ತಾರೆ.

ಮಹಾರಾಣಿಯನ್ನು ಸದ್ದಿಲ್ಲದೆ ಹೊರಗೆ ಸಾಗಿಸುವುದು ಎಂದು ನಿಶ್ಚಯಿಸಿದ. ತಪ್ಪು ಎಂದು ಗೊತ್ತಿತ್ತು. ಆದರೆ ಹೋದ ವಾರವಷ್ಟೇ ಡಾಕ್ಟರು ಅವಳನ್ನು ತಲೆಯಿಂದ ಬಾಲದವರೆಗೆ ಪರೀಕ್ಷಿಸಿ, ಕೊಬ್ಬು ಬಿಟ್ಟರೆ ಬೇರೆ ರೋಗವಿಲ್ಲ ಎಂದಿದ್ದರು. ರೋಗವಿಲ್ಲದ ಮೇಲೆ ಅಂಟುವುದೇನು ಎಂದು ತನ್ನನ್ನು ತಾನೇ ಸಮಾಧಾನಪಡಿಸಿಕೊಂಡ. ಸಮಾಧಾನ ಆಗಲಿಲ್ಲ.

ಹುಡುಕುವುದು ಸುಲಭ ಎಂದುಕೊಂಡಿದ್ದ. ಮುನ್ನೂರಕ್ಕೂ ಕಿವಿಯಲ್ಲಿ ಹಳದಿ ಬಿಲ್ಲೆ ಇರುತ್ತದೆ, ಬಿಲ್ಲೆ ಇಲ್ಲದ್ದು ಮಹಾರಾಣಿ. ಹಟ್ಟಿಯೊಳಗೆ ಹೋಗಿ ಅರ್ಧ ಗಂಟೆ ಕಿವಿಗಳನ್ನೇ ನೋಡಿದ. ಬಿಲ್ಲೆ ಇಲ್ಲದ ಕಿವಿ ಒಂದೂ ಇಲ್ಲ. ಕೊನೆಗೆ ಹಟ್ಟಿ ನೋಡಿಕೊಳ್ಳುವ ಮುದುಕ ಹಲ್ಲಿಲ್ಲದ ಬಾಯಿ ಬಿಟ್ಟು ನಗುತ್ತ ಬಂದ. ಬೆಳಿಗ್ಗೆ ಒಂದರ ಕಿವಿ ಬೋಳಾಗಿತ್ತಂತೆ, ಹುಲ್ಲಿನಲ್ಲಿ ಒಂದು ಬಿಲ್ಲೆಯೂ ಬಿದ್ದಿತ್ತಂತೆ, ತಾನೇ ಚುಚ್ಚಿ ಕೂರಿಸಿದೆನೆಂದ.

"ಯಾವ ಮೇಕೆಗೆ ತಾತ?"

"ಬಿಳೀದಕ್ಕೆ," ಎಂದ ಮುದುಕ.

ಗುಮಾಸ್ತ ಹಟ್ಟಿಯ ನಡುವೆ ನಿಂತು, ಆಚೀಚೆ ನೋಡಿ, ಮೆಲ್ಲಗೆ "ಮಹಾರಾಣೀ" ಎಂದು ಕರೆದ. ಮೇವು ಬಂತೆಂದು ನಲವತ್ತು ಮೇಕೆಗಳು ಮುತ್ತಿಕೊಂಡವು. ಒಂದು ಅವನ ಅಂಗಿಯ ಗುಂಡಿ ಕಿತ್ತಿತು, ಇನ್ನೊಂದು ಪೆನ್ನಿನ ಮುಚ್ಚಳ ನುಂಗಿತು. ದೂರದ ಮೂಲೆಯಲ್ಲಿ ಒಂದೇ ಒಂದು ಮೇಕೆ ಅವನನ್ನು ಮೇಲಿಂದ ಕೆಳಗೆ ನೋಡಿ, ಸಾಲ ಕೇಳಲು ಬಂದ ನೆಂಟನನ್ನು ಕಂಡಂತೆ ಬೆನ್ನು ತಿರುಗಿಸಿತು.

ಹೋದ ಜೀವ ಬಂದಂತಾಯಿತು ಅವನಿಗೆ. ಕರೆದರೆ ಬಾರದವಳು ಇಡೀ ಲೋಕದಲ್ಲಿ ಒಬ್ಬಳೇ.

ಮಧ್ಯಾಹ್ನದ ಊಟದ ಹೊತ್ತಿಗೆ ಸೈಕಲ್ಲಿನ ಹಿಂದೆ ಒಂದು ಗೋಣಿಚೀಲ ಕುಳಿತಿತ್ತು, ಅದರ ಮೇಲೆ ಅವನ ಮಳೆಕೋಟು. ಕೇಂದ್ರದಿಂದ ಹುಲ್ಲುಕಡ್ಡಿ ಹೊರಗೆ ಹೋಗಬೇಕಾದರೂ ಗುಮಾಸ್ತನ ಮೊಹರಿರುವ ಚೀಟಿ ಬೇಕು. ಹಾಗಾಗಿ ಅವನೇ ಅರ್ಜಿ ಬರೆದು, ಅವನೇ ಪರಿಶೀಲಿಸಿ, ಮೊಹರು ಹಾಕಿಕೊಂಡಿದ್ದ. 'ಚೀಲ ಒಂದು. ಒಳಗಿರುವುದು: ಸ್ವಂತದ್ದು.' ಕಾವಲುಗಾರ ಅಕ್ಷರ ಕೂಡಿಸಿ ಓದುತ್ತಿರುವಾಗ ಚೀಲ "ಮ್ಯಾ" ಎಂದಿತು. ಗುಮಾಸ್ತ ಜೋರಾಗಿ ಕೆಮ್ಮಿದ. ಅದು ಇನ್ನೊಮ್ಮೆ ಎಂದಿತು, ಇವನು ಇನ್ನೊಮ್ಮೆ ಕೆಮ್ಮಿದ.

ಕಾವಲುಗಾರ ಚೀಟಿ ಬಿಟ್ಟು ಅವನ ಮುಖವನ್ನೇ ನೋಡಿದ. "ಇದು ಒಳ್ಳೇ ಕೆಮ್ಮಲ್ಲ ಲೆಕ್ಕಪ್ಪ. ನಮ್ಮ ಮಾವನಿಗೂ ಹೀಗೇ ಶುರುವಾಗಿತ್ತು."

ಮಾವನ ಕೆಮ್ಮಿನ ಕತೆ ಮಾವ ತೀರಿಕೊಳ್ಳುವವರೆಗೂ ನಡೆಯಿತು. ನಡುವೆ ಹಟ್ಟಿಯ ಮುದುಕನೂ ಬಂದು ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಲು ಹೇಳಿದ. ಇಬ್ಬರೂ ಸೇರಿ ಡಾಕ್ಟರಿಗೆ ತೋರಿಸೋಣ ಬಾ ಎಂದು ಸೈಕಲ್ಲಿನ ಹ್ಯಾಂಡಲ್ ಹಿಡಿದರು. ಅವರ ಕೈ ಬಿಡಿಸಿಕೊಂಡು ಗುಮಾಸ್ತ ಮನೆ ಸೇರುವಾಗ ಊಟದ ಹೊತ್ತು ಮುಗಿಯಲು ಹತ್ತು ನಿಮಿಷವಿತ್ತು. ತಾಯಿ ಮನೆಯಲ್ಲಿರಲಿಲ್ಲ, ಪಕ್ಕದ ಮನೆ ದೊಡ್ಡಮ್ಮನ ಜಗಲಿಯಿಂದ ಅವಳ ನಗು ಕೇಳುತ್ತಿತ್ತು. ಮೇಕೆಯನ್ನು ಹಿತ್ತಲಿನ ಗೂಟಕ್ಕೆ ಹೊಸ ಹಗ್ಗದಿಂದ ಕಟ್ಟಿ, ಊಟ ಮಾಡದೆ ಹಿಂದಕ್ಕೆ ತುಳಿದ.

ನಾಲ್ಕಕ್ಕೆ ಹಡಗಿನ ಏಣಿಹಲಗೆಯ ಬುಡದಲ್ಲಿ ಕೊನೆಯ ಎಣಿಕೆ. ಮೇಕೆ ವ್ಯಾಪಾರಿಯ ಕಡೆಯವನು ಹಲ್ಲಿಗೆ ಕಡ್ಡಿ ಹಾಕುತ್ತಿದ್ದ. ಹಡಗಿನ ಅಧಿಕಾರಿ, ನೀವು ಹೇಳಿದಷ್ಟು ಬರೆದುಕೊಳ್ಳುತ್ತೇನೆ ಎಂದು ಪುಸ್ತಕ ಬಿಚ್ಚಿ ನಿಂತಿದ್ದ. ಗುಮಾಸ್ತ ಬೆವರಿದ ಹೆಬ್ಬೆರಳನ್ನು ಅಂಗಿಗೆ ಒರೆಸಿಕೊಂಡು ಬೆನ್ನುಗಳ ಮೇಲೆ ಕಣ್ಣಿಟ್ಟ. ತಗ್ಗಾಗಿ ಕಟ್ಟಿದ ನೆರಳಿನ ಬಟ್ಟೆಯ ಕೆಳಗೆ ಬಿಳಿ ಬೆನ್ನುಗಳು ತಳ್ಳಾಡುತ್ತ ಹತ್ತಿದವು. ಹಲಗೆ ಖಾಲಿಯಾದ ಮೇಲೆ ಯಂತ್ರ ನೋಡಿದ. ಮುನ್ನೂರು. ಒಂದು ಹೆಚ್ಚಿಲ್ಲ, ಒಂದು ಕಮ್ಮಿಯಿಲ್ಲ. ಮೇಲೆ ಡಾಕ್ಟರು ಆಗಲೇ ಕಪ್ತಾನನಿಗೆ ಕಾಗದಗಳನ್ನು ಕೊಟ್ಟು ಕೈ ಕುಲುಕುತ್ತಿದ್ದರು.

ಹಡಗು ಹೊರಟಿತು. ಗುಮಾಸ್ತ ಪೆನ್ಸಿಲಿನ ಮುನ್ನೂರರ ಮೇಲೆ ಶಾಯಿ ತಿದ್ದಿ, ಹನ್ನೊಂದು ವರ್ಷದಲ್ಲಿ ಮೊದಲ ಸಲ ಸೈಕಲ್ ತುಳಿಯುತ್ತ ಶಿಳ್ಳೆ ಹಾಕಿದ.

ಮನೆಗೆ ಬಂದರೆ ತಾಯಿ ಹಿತ್ತಲ ಮೆಟ್ಟಿಲ ಮೇಲೆ ಗಲ್ಲಕ್ಕೆ ಕೈಕೊಟ್ಟು ಕುಳಿತಿದ್ದಳು. ಬಾನಿಯಲ್ಲಿ ಎರಡು ಬಿಳಿ ತಲೆಗಳು ಒಂದಕ್ಕೊಂದು ತಾಗಿಕೊಂಡು ಮೇಯುತ್ತಿದ್ದವು. ಒಂದರ ಕಿವಿಯಲ್ಲಿ ಹಳದಿ ಬಿಲ್ಲೆ. ಇನ್ನೊಂದರ ಕೊರಳಲ್ಲಿ ಜಗಿದ ಹಗ್ಗ.

"ನಮ್ಮವಳು ಬೆಳಿಗ್ಗೆಯಿಂದ ದೊಡ್ಡಮ್ಮನ ಹಿತ್ತಲಲ್ಲೇ ಇದ್ಲಂತೆ ಕಣೋ," ಎಂದಳು ತಾಯಿ. "ಅವರ ಎರಡು ಸೀರೆ ತಿಂದಿದಾಳೆ. ಈಗ ತಾನೇ ಕರ್ಕೊಂಡು ಬಂದೆ. ಇದ್ಯಾರು, ಇವಳ ತಂಗಿಯಾ?"

ಗುಮಾಸ್ತ ಎರಡು ತಲೆಗಳನ್ನೂ ಬೆರಳು ತೋರಿಸಿ ಎಣಿಸಿದ. ಗೇಟಿನಲ್ಲಿ ಸುಳಿದಾಡಿದ್ದೂ ಸೇರಿ ಹಟ್ಟಿಯಲ್ಲಿ ಇದ್ದದ್ದೆಲ್ಲ ಹಟ್ಟಿಯ ಮೇಕೆಗಳೇ ಆಗಿದ್ದರೆ, ಬೆಳಿಗ್ಗೆ ಮುನ್ನೂರೊಂದು ಆದದ್ದು ಹೇಗೆ? ಅದರಲ್ಲಿ ಒಂದನ್ನು ತಾನು ತಂದ ಮೇಲೂ ಹಡಗಿಗೆ ಮುನ್ನೂರು ಹತ್ತಿದ್ದು ಹೇಗೆ? ಜೇಬಿನಲ್ಲಿದ್ದ ಯಂತ್ರವನ್ನು ಹಿಡಿದುಕೊಂಡ. ತಾನು ನಂಬಿದ್ದು ಜಗತ್ತಿನಲ್ಲಿ ಅದೊಂದನ್ನೇ.

ಅದೇ ಹೊತ್ತಿಗೆ ಹಿತ್ತಲ ಬಾಗಿಲಿನ ಹೊರಗೆ ಗಂಟಲು ಸರಿಮಾಡಿಕೊಂಡ ಸದ್ದಾಯಿತು. ಕಾವಲುಗಾರನಿಂದ ಕೆಮ್ಮಿನ ಸುದ್ದಿ ಕೇಳಿದ ಡಾಕ್ಟರು ನೋಡಿಕೊಂಡು ಹೋಗೋಣ, ಹಾಗೇ ಕಾಯಂ ಆದೇಶವನ್ನೂ ಕೈಯಾರೆ ಕೊಡೋಣ ಎಂದು ಕೆಲಸದ ಕೋಟಿನಲ್ಲೇ ಬಂದಿದ್ದರು. ಆ ಬಾಗಿಲು ಗಿಡ್ಡ. ಡಾಕ್ಟರು ಸೊಂಟ ಬಗ್ಗಿಸಿ ಒಳಗೆ ಬಂದರು. ಬಾಗಿಲಿನಲ್ಲಿ ಅಗಲವಾದ ಬಿಳಿಯ ಬೆನ್ನು ಕಾಣಿಸಿತು.

ಗುಮಾಸ್ತನ ಹೆಬ್ಬೆರಳು, ಅವನನ್ನು ಕೇಳದೆ, ಟಕ್ ಎಂದು ಒತ್ತಿತು.

ಅವನು ಕೈಯನ್ನು ಜೇಬಿನಿಂದ ತೆಗೆದು ಹೆಬ್ಬೆರಳನ್ನು ನೋಡಿದ. ಆಮೇಲೆ ಡಾಕ್ಟರನ್ನು ನೋಡಿದ. "ಸರ್, ಬೆಳಿಗ್ಗೆ ತಾವು ಓಣಿಯಿಂದ ಬಂದಿರಾ?"

"ಚಿಲಕ ಕೆಟ್ಟಿತ್ತಲ್ಲಯ್ಯ."

"ಹಡಗಿಗೂ ಮೇಕೆಗಳ ಜೊತೆಗೇ ಹತ್ತಿದಿರಾ?"

"ಇನ್ನೇನು ಹಾರಿ ಹೋಗ್ಲಾ?" ಎಂದು ನಗುತ್ತ ಆದೇಶದ ಕಾಗದ ಚಾಚಿದ ಡಾಕ್ಟರು ಹಾಗೇ ನಿಂತರು. ಅವರ ಕಣ್ಣು ಹಳದಿ ಬಿಲ್ಲೆಯ ಮೇಲೆ ನೆಟ್ಟಿತ್ತು. ಅಲ್ಲಿಂದ ಬಾನಿಗೆ ಇಳಿಯಿತು.

ಗುಮಾಸ್ತ ಎಲ್ಲವನ್ನೂ ಹೇಳಿದ, ಪೆನ್ಸಿಲಿನ ವಿಷಯವನ್ನೂ ಬಿಡಲಿಲ್ಲ. ಬೆಳಿಗ್ಗೆ ತಮ್ಮ ಬೆನ್ನನ್ನೂ ಮೇಕೆಯೆಂದು ಸೇರಿಸಿ ಒಂದು ಹೆಚ್ಚಾಯಿತು, ಸಂಜೆ ಮತ್ತೆ ಸೇರಿಸಿ ಸರಿಹೋಯಿತು ಎಂಬುದು ಅರ್ಥವಾಗಲು ಡಾಕ್ಟರಿಗೆ ಸ್ವಲ್ಪ ಹೊತ್ತು ಹಿಡಿಯಿತು. ಬೈಯುವುದಕ್ಕೆಂದು ಬಾಯಿ ತೆರೆದವರಿಗೆ ಅದಕ್ಕಿಂತ ಮುಖ್ಯವಾದದ್ದು ನೆನಪಾಯಿತು. ಮೆಲ್ಲಗೆ ಬಾಗಿಲಿನ ಕಡೆ ಒಂದು ಹೆಜ್ಜೆ ಇಟ್ಟರು.

"ಸರ್," ಎಂದ ಗುಮಾಸ್ತ, ಕಣ್ಣಲ್ಲಿ ನೀರು ತುಂಬಿಕೊಂಡು, "ಅಧಿಕಾರಿಗಳೂ ಸೇರಿ."

ದಿಗ್ಬಂಧನದ ಆಜ್ಞೆಯನ್ನು ಗುಮಾಸ್ತನೇ ಬರೆದ. ಡಾಕ್ಟರು ಸಹಿ ಹಾಕಿದರು. ಬಾಗಿಲಿಗೆ ಹೊರಗಿನಿಂದ ಅಂಟಿಸಲು ಒಳಗಿದ್ದವರು ಹೋಗುವಂತಿಲ್ಲವಾದ್ದರಿಂದ ದೊಡ್ಡಮ್ಮನೇ ಅಂಟಿಸಿ, ಬೀದಿಗೆಲ್ಲ ಕೇಳುವಂತೆ ಓದಿ, ತನ್ನ ಎರಡು ಸೀರೆಯ ಸಂಗತಿಯನ್ನು ಅದರಲ್ಲಿ ಏಕೆ ಬರೆದಿಲ್ಲ ಎಂದು ಕೇಳಿದಳು. ಮರುದಿನ ಬೆಳಿಗ್ಗೆ ಹತ್ತು ಗಂಟೆಯಾಯಿತು. ಗಡುವು ಮುಂದೂಡುವ ಅಧಿಕಾರವಿದ್ದ ಏಕೈಕ ವ್ಯಕ್ತಿ ಗುಮಾಸ್ತನ ಪಕ್ಕದಲ್ಲೇ ಕುಳಿತು ಹಲ್ಲುಜ್ಜುತ್ತಿದ್ದರು. ಮುಂದೂಡಲು ಬೇಕಾದ ಪುಸ್ತಕ ಕೇಂದ್ರದಲ್ಲಿತ್ತು. ಕಾಯಂ ಕೆಲಸ ಪಟ್ಟಿಯಲ್ಲಿದ್ದ ಮುಂದಿನವನಿಗೆ ಹೋಯಿತು. ಆದೇಶದ ಕಾಗದ ಅಷ್ಟು ಹೊತ್ತಿಗೆ ಮಹಾರಾಣಿಯ ಹೊಟ್ಟೆ ಸೇರಿಯಾಗಿತ್ತು.

ಇಪ್ಪತ್ತೊಂದು ದಿನ ಆ ಮನೆಯಲ್ಲಿ ಪ್ರತಿ ಬೆಳಿಗ್ಗೆ ಎಣಿಕೆ ನಡೆಯಿತು: ಮನುಷ್ಯರು ಮೂರು, ಮೇಕೆ ಎರಡು. ಡಾಕ್ಟರು ಕೋಟು ಬಿಚ್ಚಿಟ್ಟು ನೆಟ್ಟಗೆ ನಿಂತು ಎಣಿಸಿಕೊಳ್ಳುತ್ತಿದ್ದರು. ಯಾರಿಗೂ ಯಾವ ರೋಗವೂ ಬರಲಿಲ್ಲ.

ಮೊದಲ ದಿನವೇ ಅವರಿಬ್ಬರೂ ಸೇರಿ ಆಚೆ ದಡದ ಬಂದರಿಗೆ ತಪ್ಪೊಪ್ಪಿಗೆಯ ಪತ್ರ ಕಳಿಸಿದ್ದರು: ನೀವು ಪಡೆಯುವುದು ಮುನ್ನೂರಲ್ಲ, ಇನ್ನೂರ ತೊಂಬತ್ತೊಂಬತ್ತು, ದಯವಿಟ್ಟು ಕ್ಷಮಿಸಿ ಎಂದು. ಇಪ್ಪತ್ತನೆಯ ದಿನ ಉತ್ತರ ಬಂತು. ನಿಮ್ಮ ಪತ್ರದಲ್ಲಿ ತಪ್ಪಿದೆ, ನಮ್ಮ ಗುಮಾಸ್ತ ಒಂದೊಂದನ್ನೂ ಖುದ್ದಾಗಿ ಎಣಿಸಿದ್ದಾನೆ, ಇಳಿದದ್ದು ಸರಿಯಾಗಿ ಮುನ್ನೂರು ಎಂದಿತ್ತು.

ಅಲ್ಲಿ ಬೆನ್ನು ಬಗ್ಗಿಸಿ ಇಳಿದವರು ಯಾರು ಎಂಬುದು ನನಗೆ ಗೊತ್ತಿಲ್ಲ.